ದೊಡ್ಡ ಕೂಗು, ಚಿಕ್ಕ ಕೂಗು

ನಾನು ತೀರಾ ಚಿಕ್ಕವನಿದ್ದೆ ಆಗ. ಮಾಳಿಗೆಯ ಏಣಿ ಹತ್ತಲು ಬರುತ್ತಿತ್ತು, ಇಳಿಯಲು ಮಾತ್ರ ಅಕ್ಕ ಬೇಕಾಗುತ್ತಿತ್ತು. ಹೀಗಾಗಿ ಒಮ್ಮೆ ಮೇಲೆ ಹೋದೆನೆಂದರೆ ಅಕ್ಕನಿಗೆ ಪುರುಸೊತ್ತಾಗುವವರೆಗೂ ನಾನು ಅಲ್ಲೇ, ಪಾರಿವಾಳಗಳ ಜೊತೆ.

ಆದೋನಿಯ ಕೋಟೆ ಬೆಟ್ಟ ನಮ್ಮ ಮಾಳಿಗೆಗೆ ಎದುರಾಗಿಯೇ ಇತ್ತು. ಯಾರೋ ಆಟಕ್ಕೆಂದು ಪೇರಿಸಿಟ್ಟಂಥ ಗುಂಡುಕಲ್ಲುಗಳು, ಆ ಕಲ್ಲುಗಳ ಸಂದಿಯಲ್ಲಿ ಪಾರಿವಾಳಗಳನ್ನು ಹಿಡಿದು ತಿನ್ನುವ ಡೇಗೆ ಹಕ್ಕಿಗಳ ಗೂಡು. ಮಣ್ಣಿನ ಮಾಳಿಗೆಯ ಒಂದು ಮೂಲೆಯಲ್ಲಿ ಅಪ್ಪ ಹಳೆಯ ಹಲಗೆಗಳನ್ನು ಬಡಿದು ಪಾರಿವಾಳದ ಗೂಡು ಮಾಡಿದ್ದ. ಬಾಗಿಲು ತೆಗೆದರೆ ಕಾಳಿನ ಧೂಳು, ಒಣಗಿದ ಹಿಕ್ಕೆ, ಬೆಚ್ಚಗಿನ ರೆಕ್ಕೆ ಎಲ್ಲ ಸೇರಿದ ಒಂದು ವಾಸನೆ ಮುಖಕ್ಕೆ ಹೊಡೆಯುತ್ತಿತ್ತು. ಅಪ್ಪನ ಮೈಯಲ್ಲೂ ಅದೇ ವಾಸನೆ. ಅವನು ಹತ್ತಿ ಮಿಲ್ಲಿನಲ್ಲಿ ದುಡಿಯುತ್ತಿದ್ದ. ಸಂಜೆ ಮನೆಗೆ ಬಂದಾಗ ಹತ್ತಿಯ ಎಳೆ ಕೂತು ಅವನ ಹುಬ್ಬೆಲ್ಲ ಬೆಳ್ಳಗಿರುತ್ತಿತ್ತು. ಮುಖ ತೊಳೆದ ಮೇಲೆಯೇ ಅಪ್ಪನ ವಯಸ್ಸು ಇಳಿಯುತ್ತಿತ್ತು.

ನಮ್ಮವು ಲಾಗ ಹಾಕುವ ಪಾರಿವಾಳಗಳು. ಎತ್ತರಕ್ಕೆ ಏರಿ, ಹಾರುತ್ತಿದ್ದಂತೆಯೇ ಹಿಂದಕ್ಕೆ ಹಿಂದಕ್ಕೆ ಉರುಳುತ್ತ ಕಲ್ಲಿನಂತೆ ಬೀಳುತ್ತಿದ್ದವು. ನೋಡುವವರ ಎದೆ ಝಲ್ಲೆನ್ನುವಷ್ಟರಲ್ಲಿ ಮತ್ತೆ ರೆಕ್ಕೆ ಬಿಚ್ಚಿ, ಏನೂ ಆಗಿಲ್ಲವೇನೋ ಎಂಬಂತೆ ಹಾರಿಕೊಂಡು ಹೋಗುತ್ತಿದ್ದವು. ಅವುಗಳ ಮೊದಲ ಜೋಡಿಯನ್ನು ಅಪ್ಪನಿಗೆ ಕೊಟ್ಟವರು ಮಿಲ್ಲಿನ ಬಾಯ್ಲರ್ ನೋಡಿಕೊಳ್ಳುತ್ತಿದ್ದ ಒಬ್ಬ ಹಿರಿಯರು. ಮಿಲ್ಲಿನವರಿಗೆಲ್ಲ ಅವರು ಚಾಚಾ, ಹಾಗಾಗಿ ನಮಗೂ ಚಾಚಾ.

ಪಾಳಿ ಬಿಡುವ ಹೊತ್ತಿಗೆ ಚಾಚಾ ಬಾಯ್ಲರಿನ ಪಕ್ಕದಲ್ಲಿ ತೂಗುಬಿಟ್ಟಿದ್ದ ಸರಪಳಿಯನ್ನು ಜಗ್ಗುತ್ತಿದ್ದರು. ಊರಿಗೆಲ್ಲ ಕೇಳುವ ಹಾಗೆ ಮಿಲ್ಲು ಕೂಗುತ್ತಿತ್ತು. ಮೊದಲು ಉದ್ದನೆಯ ದೊಡ್ಡ ಕೂಗು. ಅದು ಬೆಟ್ಟಕ್ಕೆ ಬಡಿದು ವಾಪಸು ಬಂದ ಮೇಲೆ, ಪುಟ್ಟದೊಂದು 'ಕೂ'. ಆ ಚಿಕ್ಕ ಕೂಗು ಬೇರೆ ಯಾವ ಮಿಲ್ಲಿಗೂ ಇರಲಿಲ್ಲ. ಯಾಕೆ ಚಾಚಾ ಎಂದು ಅಕ್ಕ ಒಮ್ಮೆ ಕೇಳಿಯೇಬಿಟ್ಟಳು.

"ದೊಡ್ಡದು ಸೇಠನಿಗೆ ಬೇಟಿ, ಸಣ್ಣದು ನನ್ನ ಮಕ್ಕಳಿಗೆ" ಎಂದರು ಚಾಚಾ. ಮಕ್ಕಳು ಅಂದರೆ ಅವರ ಪಾರಿವಾಳಗಳು. ಮಿಲ್ಲಿನ ಹಿಂದೆಯೇ ಅವರ ಮನೆ. ಆ ಕೂಗು ಕೇಳಿದ ಕೂಡಲೇ ಅವರ ಹಕ್ಕಿಗಳೆಲ್ಲ ಕಾಳಿಗೆ ಇಳಿಯುತ್ತಿದ್ದವು.

ಊರಿನಲ್ಲಿ ಪಾರಿವಾಳ ಸಾಕಿದ ಉಳಿದವರು ಡಬ್ಬಿಯಲ್ಲಿ ಕಾಳು ಹಾಕಿ ಅಲ್ಲಾಡಿಸುತ್ತಿದ್ದರು, ಇಲ್ಲವೇ ಸಿಳ್ಳೆ ಹೊಡೆಯುತ್ತಿದ್ದರು. ಚಾಚಾ ಅದಕ್ಕೆ ನಗುತ್ತಿದ್ದರು. "ಡಬ್ಬಿ ಬಡಿಯೋನಿಗೆ ಜ್ವರ ಬಂದ್ರ ಪಾರಿವಾಳ ಉಪಾಸ. ನನ್ನ ಕೂಗು ಎಂದಾದ್ರೂ ತಪ್ಪೈತೇನು, ನೀನ ಹೇಳು?" ಅಪ್ಪನಿಗೂ ಅದು ಸರಿಯೆನಿಸಿತು. ನಮ್ಮ ಮನೆಯಲ್ಲೂ ಮಿಲ್ಲು ಕೂಗಿದ ಮೇಲೆಯೇ ಕಾಳು ಎಂದಾಯಿತು. ಪಕ್ಕದ ಮನೆಯವರು ಗೋಡೆಯಾಚೆಯಿಂದ ಕೆಣಕುತ್ತಿದ್ದರು: "ಏನಪ್ಪಾ, ನಿನ್ನ ಪಾರಿವಾಳಕ್ಕೂ ಮಿಲ್ಲಿನಾಗ ಹಾಜರಿ ಹಾಕ್ತಾರೇನು?"

ಅಕ್ಕನಿಗೆ ಆ ಕೂಗು ಒಂದು ಆಟವಾಗಿತ್ತು. ಎರಡೂ ಅಂಗೈಗಳನ್ನು ಬಾಯಿಗೆ ಗೂಡು ಮಾಡಿಕೊಂಡು ಥೇಟ್ ಮಿಲ್ಲಿನ ಹಾಗೆಯೇ ಕೂಗುತ್ತಿದ್ದಳು, ಚಿಕ್ಕ ಕೂಗೂ ಸೇರಿ. ಅವ್ವ ಕೆಳಗಿನಿಂದ ಬೈಯುತ್ತಿದ್ದಳು: "ಇಷ್ಟುದ್ದ ಬೆಳೆದಾಳ, ಮಾಳಿಗಿ ಮ್ಯಾಲೆ ನಿಂತು ನರಿ ಕೂಗಿದಂಗ ಕೂಗ್ತಾಳ. ನಾಳೆ ಯಾರರ ನೋಡಾಕ ಬಂದ್ರ ಇದನ್ನ ತೋರಸ್ತಿ?"

ಆ ವರ್ಷ ದೀಪಾವಳಿ ಕಳೆದು, ಹತ್ತಿ ತುಂಬಿದ ಗಾಡಿಗಳು ಊರಿಗೆ ಬರತೊಡಗಿದಾಗ, ನಮ್ಮ ಗೂಡಿನಲ್ಲಿ ನಾಲ್ಕು ಮರಿಗಳು ಬಲಿತಿದ್ದವು. ಅವುಗಳಲ್ಲಿ ಕುತ್ತಿಗೆಯ ಮೇಲೆ ಬಿಳಿ ಚುಕ್ಕಿಗಳಿದ್ದ ಮರಿ ನನ್ನದು. ನನ್ನದು ಎಂದು ಯಾರೂ ಹೇಳಿರಲಿಲ್ಲ, ನಾನೇ ಹೇಳಿಕೊಂಡಿದ್ದೆ. ಅಪ್ಪ ಅವುಗಳ ರೆಕ್ಕೆಗೆ ಮೆತ್ತಗಿನ ದಾರ ಕಟ್ಟಿ ಮಾಳಿಗೆಯ ಮೇಲೆ ಓಡಾಡಲು ಬಿಟ್ಟಿದ್ದ. ಹಾರುವ ಮೊದಲು ಮನೆಯ ಸುತ್ತಮುತ್ತ ಕಣ್ಣು ತುಂಬಬೇಕಂತೆ. ಬೆಟ್ಟ ಯಾವ ಕಡೆ, ಮಿಲ್ಲಿನ ಚಿಮಣಿ ಯಾವ ಕಡೆ, ಬೇವಿನ ಮರ ಎಲ್ಲಿದೆ, ಎಲ್ಲವನ್ನೂ ಅವು ತಲೆ ಓರೆ ಮಾಡಿ ಮಾಡಿ ನೋಡುತ್ತಿದ್ದವು. ತಿನ್ನಲು ನವಣೆ, ಸಜ್ಜೆ, ನೆನೆಸಿದ ಕಡಲೆ. ಜೊತೆಗೆ ಹಳೆಯ ಗೋಡೆಯ ಸುಣ್ಣದ ಗಾರೆಯನ್ನು ಅಕ್ಕ ಕುಟ್ಟಿ ಪುಡಿ ಮಾಡಿ ಇಡುತ್ತಿದ್ದಳು. ನಾನು ಅಂಗೈ ಚಾಚಿದರೆ ನನ್ನ ಚುಕ್ಕಿ ಬಂದು ಕುಕ್ಕುತ್ತಿತ್ತು. ಕಚಗುಳಿಯಾದರೂ ಕೈ ಅಲ್ಲಾಡಿಸದೆ ಉಸಿರು ಬಿಗಿಹಿಡಿದು ಕೂರುತ್ತಿದ್ದೆ.

ದಾರ ಬಿಚ್ಚುವುದಕ್ಕೆ ಅಪ್ಪ ತನ್ನ ರಜೆಯ ದಿನವನ್ನೇ ಆರಿಸಿದ. ಹಿಂದಿನ ಸಂಜೆ ಚಾಚಾನನ್ನೂ ಕರೆದಿದ್ದ. ಅವರು ಬಂದು ಒಂದೊಂದೇ ಮರಿಯ ಕುತ್ತಿಗೆಯ ಕೆಳಗೆ ಬೆರಳಿಟ್ಟು, ತಿಂದ ಕಾಳನ್ನು ಮುಟ್ಟಿ ನೋಡಿದ್ದರು. "ನಾಳೆ ಮುಂಜಾನೆ ಅರ್ಧ ಹೊಟ್ಟಿ ಹಾಕು. ಹೊಟ್ಟಿ ತುಂಬಿದ್ರ ಇಳಿಯಂಗಿಲ್ಲ, ಖಾಲಿ ಇದ್ರ ಲಾಗ ಹಾಕಾಕ ತ್ರಾಣ ಇರಂಗಿಲ್ಲ. ಮತ್ತೊಂದು ಮಾತು, ಮೊದಲನೇ ದಿನ ಹೊರಗ ಕತ್ತಲಾತಂದ್ರ ಮರಿ ಮನಿ ಮರೀತೈತಿ. ಬೆಟ್ಟದಾಗ ಹೋಗಿ ಕುಂದರ್ತೈತಿ. ಅಲ್ಲಿ ಡೇಗಿ ಬಿಡಂಗಿಲ್ಲ."

"ನೀವೂ ಬರ್ರಿ ಚಾಚಾ" ಎಂದ ಅಪ್ಪ.

"ನಾ ಎಲ್ಲಿ ಬರ್ಲಿ? ಬಾಯ್ಲರ್ ಯಾರು ನೋಡ್ತಾರ? ನನ್ನ ಕೂಗು ಬರ್ತೈತಿ ತಗೋ" ಎಂದು ನನ್ನ ತಲೆ ಸವರಿ ಹೋದರು. ಅವರ ಕೈ ಒರಟು, ಬೆಚ್ಚಗೆ, ಕಲ್ಲಿದ್ದಲಿನ ವಾಸನೆಯದ್ದು.

ಮರುದಿನ ಬಿಸಿಲು ಇಳಿದ ಮೇಲೆ ಅಪ್ಪ ಗೂಡಿನ ಬಾಗಿಲು ತೆಗೆದ. ದೊಡ್ಡ ಜೋಡಿ ಮೊದಲು ಹಾರಿತು. ಮರಿಗಳು ಅಂಚಿನಲ್ಲಿ ಕೂತು ತೂಗಾಡಿ, ಒಂದನ್ನೊಂದು ನೂಕಿದಂತೆ ಮಾಡಿ, ಕೊನೆಗೆ ಹಿಂದೆಯೇ ಹೊರಟವು. ಚುಕ್ಕಿ ಎಲ್ಲಕ್ಕಿಂತ ಕೊನೆಗೆ. ಅವು ಬೇವಿನ ಮರ ದಾಟಿದವು, ಬೆಟ್ಟದ ಕಡೆ ತಿರುಗಿದವು, ಏರಿದವು. ಬೆಳಕು ರೆಕ್ಕೆಯ ಒಳಗಿನಿಂದ ತೂರಿ ಬರುತ್ತಿತ್ತು. ಅಷ್ಟರಲ್ಲಿ ಒಂದು ಮರಿ ಇದ್ದಕ್ಕಿದ್ದಂತೆ ಒಂದೇ ಒಂದು ಲಾಗ ಹಾಕಿತು. ಅದಕ್ಕೇ ಗಾಬರಿಯಾಯಿತೋ ಏನೋ, ದೊಡ್ಡವುಗಳ ನಡುವೆ ಹೋಗಿ ಸೇರಿಕೊಂಡಿತು. ಅಪ್ಪ ಮಗುವಿನ ಹಾಗೆ ಚಪ್ಪಾಳೆ ತಟ್ಟಿದ.

ಆಗಲೇ ಕೆಳಗೆ ಬಾಗಿಲಲ್ಲಿ ಯಾರೋ ಕೂಗಿದರು. ಮಿಲ್ಲಿನಲ್ಲಿ ಅಪ್ಪನ ಜೊತೆ ಕೆಲಸ ಮಾಡುವವನು, ಓಡಿ ಬಂದು ಏದುಸಿರು ಬಿಡುತ್ತಿದ್ದ.

"ಅಣ್ಣಾ, ಚಾಚಾ ಪೋಯಾರು" ಎಂದ ತೆಲುಗಿನಲ್ಲಿ. ಚಾಚಾ ಹೋಗಿಬಿಟ್ಟರು ಎಂದು. ಆಮೇಲೆ ನಮ್ಮ ಮಾತಿಗೆ ತಿರುಗಿದ. "ಮಧ್ಯಾಹ್ನ ನಮಾಜಿಗಂತ ಎದ್ದೋರು ಎದಿ ಹಿಡ್ಕೊಂಡು ಅಲ್ಲೇ ಕುಂತ್ರು, ಮತ್ತ ಏಳಲಿಲ್ಲ. ಹೊತ್ತು ಮುಣುಗೂದರೊಳಗ ಮಣ್ಣು. ಸೇಠ ಬಾಯ್ಲರ್ ಬೆಂಕಿ ಆರಿಸ್ಯಾನ. ಇವತ್ತು ಮಿಲ್ಲು ಕೂಗಂಗಿಲ್ಲ."

ಅಪ್ಪ ಏಣಿಯ ಮೇಲೆ ಅರ್ಧಕ್ಕೇ ನಿಂತ. ಒಮ್ಮೆ ತಲೆಯೆತ್ತಿ ಆಕಾಶ ನೋಡಿದ. ಆರು ಹಕ್ಕಿಗಳೂ ಕಾಳಿನಷ್ಟಾಗಿದ್ದವು. ನಂತರ ಹೆಗಲ ಮೇಲಿನ ಟವಲನ್ನು ತಲೆಗೆ ಸುತ್ತಿಕೊಂಡ.

"ಅಪ್ಪಾ, ಮರಿ?" ಎಂದಳು ಅಕ್ಕ.

"ಚಾಚಾಗ ಹೆಗಲು ಕೊಡಬೇಕವ್ವ. ನೀ ಇಲ್ಲೇ ಇರು" ಎಂದಷ್ಟೇ ಹೇಳಿ ಹೋದ.

ನಾನೂ ಅಕ್ಕನೂ ಉಳಿದೆವು. ಅಕ್ಕ ಡಬ್ಬಿಯಲ್ಲಿ ಸಜ್ಜೆ ಹಾಕಿ ಅಲ್ಲಾಡಿಸಿದಳು. ಆ ಸದ್ದಿಗೆ ಅವುಗಳ ಬದುಕಿನಲ್ಲಿ ಅರ್ಥವೇ ಇರಲಿಲ್ಲ. ಮಾಳಿಗೆಯ ಮೇಲೆ ಕಾಳು ಚೆಲ್ಲಿದಳು. ಗುಬ್ಬಿಗಳು ಬಂದು ತಿಂದವು. ನಾನು "ಚುಕ್ಕೀ, ಬಾರೇ" ಎಂದು ಕೂಗಿ ಕೂಗಿ ಗಂಟಲು ಒಣಗಿಸಿಕೊಂಡೆ. ಮೇಲೆ ಅವು ಸುತ್ತುತ್ತಲೇ ಇದ್ದವು. ಅವುಗಳ ಪಾಲಿಗೆ ಇನ್ನೂ ಊಟದ ಹೊತ್ತಾಗಿರಲಿಲ್ಲ. ಮಿಲ್ಲು ಕೂಗಿಲ್ಲವಲ್ಲ!

ಬೆಟ್ಟದ ನೆರಳು ಮನೆಗಳ ಮೇಲೆ ಹರಿದು ಬಂತು. ಕಲ್ಲುಗಳು ಕೆಂಪಾಗಿ, ಆಮೇಲೆ ಕಂದಾಗಿ, ಕಪ್ಪಾಗತೊಡಗಿದವು. ದಿನವೂ ಕೂಗು ಕೇಳುವ ಹೊತ್ತು ಬಂದು ಹೋಯಿತು. ಅಂಥ ಮೌನವನ್ನು ನಾನು ಅದುವರೆಗೆ ಕೇಳಿರಲಿಲ್ಲ. ಬೀದಿಯಲ್ಲಿ ಹೆಂಗಸರು ನೀರಿನ ಕೊಡ ಇಳಿಸಿ ಮಿಲ್ಲಿನ ಕಡೆ ನೋಡುತ್ತಿದ್ದರು. ಹಕ್ಕಿಗಳ ಸುತ್ತು ದೊಡ್ಡದಾಗುತ್ತ ಬೆಟ್ಟದ ಕಡೆಗೆ ಸರಿಯಿತು. ನನ್ನ ಚುಕ್ಕಿ ದಣಿದು ಹಿಂದೆ ಬೀಳುತ್ತಿದ್ದುದು ನನಗೇ ಕಾಣಿಸಿತು. ನಾನು ಅಳತೊಡಗಿದೆ.

"ನೀನ ಕೂಗೇ ಅಕ್ಕಾ" ಎಂದೆ.

ಅಕ್ಕ ಅಂಗೈಗಳನ್ನು ಬಾಯಿಗೆ ತಂದಳು. ಅಷ್ಟರಲ್ಲಿ ಬೀದಿಯ ತಿರುವಿನಲ್ಲಿ ಜನ ಕಾಣಿಸಿದರು. ಖಬರಸ್ತಾನಕ್ಕೆ ಹೋಗುವ ದಾರಿ ನಮ್ಮ ಮನೆಯ ಮುಂದೆಯೇ. ಬಿಳಿ ಟೊಪ್ಪಿಗೆಗಳು, ಟವಲು ಸುತ್ತಿದ ತಲೆಗಳು, ನಡುವೆ ಹೂವಿನ ಚಾದರ ಹೊದಿಸಿದ ಚಾಚಾ. ಅತ್ತರು, ಊದುಬತ್ತಿಯ ವಾಸನೆ ಮಾಳಿಗೆಯವರೆಗೂ ಬಂತು. ಎಲ್ಲರ ಬಾಯಲ್ಲೂ ಪ್ರಾರ್ಥನೆಯ ಸಣ್ಣ ಗುನುಗು. ಬಲಗಡೆ, ಮುಂದೆ, ಅಪ್ಪ ಹೆಗಲು ಕೊಟ್ಟಿದ್ದ.

ಅವ್ವ ಅಂಗಳದಿಂದ ಪಿಸುದನಿಯಲ್ಲೇ ಗದರಿದಳು: "ಬಾಯಿ ಮುಚ್ಚಿಕೊಂಡು ನಿಂದರು. ಹಿರಿ ಮನಸ್ಯಾ ಮಣ್ಣಿಗೆ ಹೊಂಟಾನ. ಈಗ ಕೂಗಿದ್ರ ಜನ ಏನಂದಾರು?"

ಅಕ್ಕನ ಕೈ ಕೆಳಗಿಳಿಯಿತು. ಅವಳು ಆಕಾಶ ನೋಡಿದಳು, ಬೀದಿ ನೋಡಿದಳು, ಅಪ್ಪನನ್ನು ನೋಡಿದಳು. ಅಪ್ಪನೂ ತಲೆಯೆತ್ತಿದ. ಬೆಟ್ಟದ ಕಡೆ ತೇಲಿಹೋಗುತ್ತಿದ್ದ ಹಕ್ಕಿಗಳನ್ನು ಕಂಡ. ಅವನ ಒಂದು ಕೈ ಹೆಗಲ ಮೇಲಿನ ಜನಾಜಾವನ್ನು ಹಿಡಿದಿತ್ತು. ಇನ್ನೊಂದು ಕೈಯನ್ನು ಮೆಲ್ಲಗೆ ಮೇಲೆತ್ತಿ, ಗಾಳಿಯಲ್ಲಿ ಇಲ್ಲದ ಸರಪಳಿಯೊಂದನ್ನು ಹಿಡಿದು, ಕೆಳಕ್ಕೆ ಜಗ್ಗಿದ.

ಅಕ್ಕ ಕೂಗಿದಳು.

ಮೊದಲು ಧ್ವನಿ ಒಡೆಯಿತು. ಉಸಿರು ತುಂಬಿಕೊಂಡು ಮತ್ತೆ ಕೂಗಿದಳು. ಕತ್ತಿನ ನರಗಳೆಲ್ಲ ಉಬ್ಬಿದವು. ಉದ್ದನೆಯ ದೊಡ್ಡ ಕೂಗು ಬೀದಿ ದಾಟಿ ಬೆಟ್ಟಕ್ಕೆ ಬಡಿದು ತಿರುಗಿ ಬಂತು. ಕೆಳಗೆ ಹೊತ್ತವರ ಹೆಜ್ಜೆ ನಿಂತಿತು. ಮೇಲೆ ಹಕ್ಕಿಗಳ ಸುತ್ತು ಮುರಿಯಿತು. ಅವು ನಮ್ಮ ಕಡೆಗೆ ತಿರುಗಿದವು, ಆದರೆ ಇಳಿಯಲಿಲ್ಲ. ಇನ್ನೂ ಏನೋ ಬಾಕಿಯಿದೆ ಎಂಬಂತೆ ಮೇಲೆಯೇ ಕಾದವು.

ಆಗ ಅಕ್ಕ ಚಿಕ್ಕ ಕೂಗು ಕೊಟ್ಟಳು. 'ಕೂ.'

ದೊಡ್ಡ ಜೋಡಿ ಉರುಳಿತು. ಹಿಂದೆಯೇ ಮರಿಗಳು, ಒಂದು, ಎರಡು, ಮೂರು ಲಾಗ, ಕತ್ತಲಾಗುತ್ತಿದ್ದ ಆಕಾಶದಿಂದ ಯಾರೋ ಬೊಗಸೆಯಲ್ಲಿ ಸುರಿದ ಹಾಗೆ. ಬೀದಿಯ ಜನರ ತಲೆಯ ಮೇಲೆ, ಹೂವಿನ ಚಾದರದ ಮೇಲೆ ಹಾದು, ರೆಕ್ಕೆ ಬಡಿದು, ನಮ್ಮ ಮಾಳಿಗೆಗೆ ಬಂದು ಇಳಿದವು. ಚುಕ್ಕಿ ಎಲ್ಲಕ್ಕಿಂತ ಕೊನೆಗೆ ಬಂದು ನನ್ನ ಕಾಲಿನ ಹತ್ತಿರ ಬಿತ್ತು. ಎತ್ತಿಕೊಂಡರೆ ಅದರ ಎದೆ ನನ್ನ ಅಂಗೈಯಲ್ಲಿ ಡಬಡಬ ಬಡಿಯುತ್ತಿತ್ತು.

ಕೆಳಗೆ ಮುದುಕರೊಬ್ಬರು ಕಣ್ಣೊರೆಸಿಕೊಂಡು, "ಬಂದಾವ ನೋಡು ಭಾಯಿ, ನಿನ್ನ ಮಕ್ಕಳು ಬಂದಾವ" ಎಂದರು ಚಾಚಾನಿಗೆ, ಚಾಚಾ ಕೇಳುತ್ತಿದ್ದಾರೇನೋ ಎಂಬಂತೆ. ಹೆಜ್ಜೆಗಳು ಮತ್ತೆ ಮುಂದಕ್ಕೆ ಸಾಗಿದವು.

ಅಪ್ಪ ಮಣ್ಣು ಮುಗಿಸಿ ಬಂದು, ಅಂಗಳದಲ್ಲೇ ಸ್ನಾನ ಮಾಡಿ, ಒದ್ದೆ ತಲೆಯಲ್ಲೇ ಏಣಿ ಹತ್ತಿದ. ಕಂದೀಲು ಹಿಡಿದು ಗೂಡಿನೊಳಗೆ ಒಂದೊಂದನ್ನೇ ನೋಡಿದ. ಆ ಹೊತ್ತಿನಲ್ಲಿ ಕಾಳು ಹಾಕುವ ಪದ್ಧತಿ ಇರಲಿಲ್ಲ. ಆದರೂ ಬೊಗಸೆ ತುಂಬ ನವಣೆ ಹಾಕಿದ. ಅವು ತಿನ್ನುವ ಟಕಟಕ ಸದ್ದನ್ನು ಕೇಳುತ್ತ ಬಹಳ ಹೊತ್ತು ಅಲ್ಲೇ ಕುಕ್ಕರುಗಾಲಲ್ಲಿ ಕೂತಿದ್ದ. ಇಳಿಯುವಾಗ ಅಕ್ಕನ ತಲೆಯ ಮೇಲೆ ಒಮ್ಮೆ ಕೈಯಿಟ್ಟ.

ಮರುದಿನ ಸಂಜೆ ಮಿಲ್ಲು ಕೂಗಿತು. ಸರಪಳಿಗೆ ಹೊಸಬರು ಬಂದಿದ್ದರು. ದೊಡ್ಡ ಕೂಗು ಸರಿಯಾಗಿಯೇ ಬಂತು, ಬೆಟ್ಟಕ್ಕೆ ಬಡಿದು ನಿಂತಿತು. ಅದರ ಹಿಂದೆ ಏನೂ ಬರಲಿಲ್ಲ. ಹಕ್ಕಿಗಳು ಮೇಲೆ ಕಾಯುತ್ತಿದ್ದವು. ಅಪ್ಪ ಕಾಳಿನ ಬುಟ್ಟಿ ಹಿಡಿದು ಕಾಯುತ್ತಿದ್ದ. ಆಗ ಅವ್ವ, ಹೌದು, ನಮ್ಮ ಅವ್ವನೇ, ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಒಳಗಿನಿಂದ ಕೂಗಿದಳು: "ಏನ್ ನೋಡ್ತಿಯೇ? ಕೂಗಬಾರದಾ?"

ಅಂದಿನಿಂದ ದೊಡ್ಡ ಕೂಗು ಮಿಲ್ಲಿನದು, ಚಿಕ್ಕ ಕೂಗು ನಮ್ಮ ಅಕ್ಕನದು. ಅಕ್ಕ ಮದುವೆಯಾಗಿ ನಾಗಲದಿನ್ನೆಗೆ ಹೋದ ಮೇಲೆ ಅದು ನನ್ನ ಪಾಲಿಗೆ ಬಂತು.

ಮಕ್ಕಳೇ, ಈಗ ಆ ಮಿಲ್ಲಿಲ್ಲ. ಬಾಯ್ಲರ್ ಇದ್ದ ಜಾಗದಲ್ಲಿ ಸಾಲಾಗಿ ಮನೆಗಳೆದ್ದಿವೆ, ಮಾಳಿಗೆಗಳ ಮೇಲೆಲ್ಲ ನೀರಿನ ಟ್ಯಾಂಕುಗಳಿವೆ. ಪಾರಿವಾಳ ಬಂದರೆ ಗಲೀಜು ಎಂದು ನಿಮ್ಮ ಕಿಟಕಿಗೆ ಬಲೆ ಹಾಕಿಸಿದ್ದಾರೆ. ಹಾಕಿಸಲಿ, ನಾನು ಬೇಡವೆನ್ನುವುದಿಲ್ಲ. ನಿಮ್ಮನ್ನು ಕರೆಯಲು ಫೋನಿದೆ, ದಾರಿ ತಪ್ಪಿದರೆ ಮನೆ ತೋರಿಸಲು ಅದರಲ್ಲೇ ನಕಾಶೆ ಇದೆ. ನಮಗೆ ಇಡೀ ಊರಿಗೆ ಒಂದೇ ಕೂಗಿತ್ತು. ಅದನ್ನು ಒಬ್ಬರು ಕೈಯಾರೆ ಜಗ್ಗುತ್ತಿದ್ದರು.

ಕತ್ತಲಾಗುವ ಹೊತ್ತಿಗೆ ನೀವು ಬೀದಿಯಲ್ಲಿ ಆಡುತ್ತಿರುವಾಗ, ಊಟಕ್ಕೆ ಬನ್ನಿರೋ ಎಂದು ಕರೆದು ಕೊನೆಗೆ ನಾನೊಂದು 'ಕೂ' ಸೇರಿಸುತ್ತೇನೆ. ನಿಮ್ಮ ಗೆಳೆಯರು ನಗುತ್ತಾರೆ, ನಿಮಗೆ ನಾಚಿಕೆಯಾಗುತ್ತದೆ. ಆದರೂ ನಾನು ನೋಡಿದ್ದೇನೆ. ಮೊದಲನೆಯ ಕೂಗಿಗೆ ನೀವು ತಲೆಯೆತ್ತಿ ನೋಡುತ್ತೀರಿ, ಅಷ್ಟೇ. ಓಡಿ ಬರುವುದು ಎರಡನೆಯದಕ್ಕೆ.