ಹೊರಮುಖದ ಹೊಲಿಗೆ

ಇಂದೂ ಕಾಕೂಗೆ ಕಣ್ಣು ಮಂಜಾಯಿತು, ಅದಕ್ಕೇ ಹೊಲಿಯುವುದನ್ನು ಬಿಟ್ಟರು ಎಂದು ಕೋಲ್ಕತ್ತದ ನಮ್ಮ ಕನ್ನಡದವರೆಲ್ಲ ಹೇಳುತ್ತಾರೆ. ಅವರು ತೀರಿಕೊಂಡ ಸುದ್ದಿ ಬಂದ ದಿನ ವಾಟ್ಸ್‌ಆ್ಯಪ್ ಗುಂಪಿನಲ್ಲೂ ಇದೇ ಮಾತು: ಎಷ್ಟು ಮಕ್ಕಳಿಗೆ ಕುಂಚಿಗೆ ಹೊಲಿದ ಕೈ, ಪಾಪ, ಕೊನೆಗೆ ಕಣ್ಣು ಕೈಕೊಟ್ಟಿತು. ಕೆಳಗೆ ಕೈಮುಗಿದ ಚಿತ್ರಗಳ ಸಾಲು.

ನಾನು ಇದನ್ನು ಒಪ್ಪುವುದಿಲ್ಲ. ಹೊಲಿಗೆ ಬಿಟ್ಟ ಮೇಲೆ ಒಂದು ಮಧ್ಯಾಹ್ನ ಬಾರಾನಗರದ ಅವರ ಮನೆಗೆ ಹೋಗಿದ್ದೆ. ಬಸ್ಸಿನ ನೂಕಾಟದಲ್ಲಿ ನನ್ನ ಕುರ್ತಾದ ಗುಂಡಿ ಕಿತ್ತುಬಂದಿತ್ತು. ಕಾಕೂ ಕಿಟಕಿಯ ಕಡೆ ತಿರುಗಿ, ಸೂಜಿಯನ್ನು ಬೆಳಕಿಗೆ ಹಿಡಿದು, ಒಂದೇ ಸಲಕ್ಕೆ ದಾರ ಏರಿಸಿದರು. ಅವರ ಕನ್ನಡಕ ಆಗ ಫ್ರಿಜ್ಜಿನ ಮೇಲಿತ್ತು.

ಅಮ್ಮನ ಮುಂದೆ ಈ ಪುರಾವೆ ಇಟ್ಟರೆ, "ಶುರುವಾಯ್ತಾ ನಿನ್ನ ಡಿಬೇಟು? ಹೋದವರ ವಿಷಯದಲ್ಲೂ ಗೆಲ್ಲಬೇಕಾ ನಿಂಗೆ?" ಎನ್ನುತ್ತಾಳೆ. ಗೆಲ್ಲುವ ಮಾತಲ್ಲ. ಎಲ್ಲರ ಬಾಯಲ್ಲೂ ಒಂದೇ ವಾಕ್ಯ ಬರುತ್ತಿದ್ದರೆ ಅದು ಎಲ್ಲಿಂದ ಹೊರಟಿತು ಎಂದು ಮೊದಲು ನೋಡು ಅಂತ ಕಾಲೇಜಿನ ಡಿಬೇಟ್ ತಂಡದಲ್ಲಿ ನಮಗೆ ಕಲಿಸಿದ್ದರು. ಈ ವಾಕ್ಯದ ವಿಷಯದಲ್ಲಿ ನಾನು ಹುಡುಕಿಕೊಂಡು ಹೋಗಬೇಕಾಗಿಯೇ ಇರಲಿಲ್ಲ. ಅದು ಹುಟ್ಟಿದ್ದು ನಮ್ಮ ಮನೆಯ ಹಾಲ್‌ನಲ್ಲಿ, ನಾನು ಕೋಸಂಬರಿ ಬಡಿಸುತ್ತಿದ್ದಾಗ.

ಇಂದೂ ಕಾಕೂ ಧಾರವಾಡದ ಕಡೆಯವರು. ಗಂಡನಿಗೆ ರೈಲ್ವೆಯಲ್ಲಿ ನೌಕರಿ. ಅವರು ನಿವೃತ್ತರಾಗಿ, ತೀರಿಕೊಂಡ ಮೇಲೂ ಕಾಕೂ ಊರಿಗೆ ಹೋಗದೆ ಬಾರಾನಗರದ ಬಾಡಿಗೆ ಮನೆಯಲ್ಲೇ ಉಳಿದರು. ಬೆಳಗಾವಿಯಲ್ಲಿದ್ದ ಮಗಳು ಕರೆದಾಗಲೆಲ್ಲ, "ಇಲ್ಲೆ ಕೆಲಸ ಅದವಾ" ಎನ್ನುತ್ತಿದ್ದರು. ಕೆಲಸವೆಂದರೆ ಇದೇ: ಹಳೆಯ ಮನೆಗಳ ಹಳೆಯ ಹಾಸಿಗೆ ಬಟ್ಟೆ, ಮೇಜುಬಟ್ಟೆ, ದಿಂಬಿನ ಚೀಲಗಳನ್ನು ತಂದು, ಹುಟ್ಟಿದ ಮಕ್ಕಳಿಗೆ ಕುಂಚಿಗೆ, ಕುಲಾವಿ, ಜೊಲ್ಲುಬಟ್ಟೆ, ಸಾಸಿವೆ ತುಂಬಿದ ಪುಟ್ಟ ದಿಂಬು ಹೊಲಿದುಕೊಡುವುದು. ನಮ್ಮವರಲ್ಲಿ ಯಾರು ಹೆತ್ತರೂ, ಅವರು ಮೈಸೂರಿನವರಿರಲಿ, ಮಂಗಳೂರಿನ ಕ್ರೈಸ್ತರಿರಲಿ, ಆಸ್ಪತ್ರೆಯಿಂದ ಮನೆಗೆ ಬರುವ ಹೊತ್ತಿಗೆ ಕಾಕೂನ ಗಂಟು ಬಂದಿರುತ್ತಿತ್ತು.

ಹುಟ್ಟಿದ ಕೂಸಿಗೆ ಮೊದಲು ಹೊಸ ಬಟ್ಟೆ ತೊಡಿಸಬಾರದು, ತುಂಬು ಬಾಳು ಬಾಳಿದವರ ಹಳೆಯ ಬಟ್ಟೆ ತೊಡಿಸಬೇಕು ಎಂಬುದು ನಮ್ಮಲ್ಲೂ ಉಂಟು, ಬಂಗಾಳಿಗಳಲ್ಲೂ ಉಂಟು. ಆಯುಸ್ಸು ಬಟ್ಟೆಯಲ್ಲಿ ಅಂಟಿಕೊಂಡು ಬರುತ್ತದೆ ಎಂದು ನಂಬಲು ನನಗೆ ಯಾವ ಕಾರಣವೂ ಕಾಣಲಿಲ್ಲ. ಹಾಗೆಂದು ಹೇಳಿಯೂ ಇದ್ದೆ.

"ಆಯುಷ್ಯ ಅಂಟತದೋ ಬಿಡ್ತದೋ, ಯಾಂವಾ ಕಂಡಾನ?" ಕಾಕೂ ಹಲ್ಲಿನಲ್ಲಿ ದಾರ ಕಡಿದು ಹೇಳಿದರು. "ಹೊಸಾ ಅರಬಿ ಚುಚ್ಚತದ. ಹಳೀದು ಚುಚ್ಚಂಗಿಲ್ಲ. ಇಷ್ಟ ನನಗ ಗೊತ್ತಿರೋದು, ವಕೀಲವ್ವಾ."

ಅರಬಿ ಎಂದರೆ ಅವರ ಕಡೆ ಬಟ್ಟೆ, ವಕೀಲವ್ವ ಎಂದರೆ ನಾನು. ಕಾನೂನು ಓದುವ ಮೊದಲೇ ಆ ಹೆಸರು ಬಿದ್ದಿತ್ತು.

ಅವರು ಬಟ್ಟೆ ಆರಿಸುವುದನ್ನು ನೋಡಬೇಕು. ಬಾಲಿಗಂಜಿನ ಹಳೆಯ ಮನೆಗಳನ್ನು ಒಡೆದು ಕಟ್ಟುವ ಪ್ರೊಮೋಟರ್‌ಗಳಿಗೆ ಕೊಟ್ಟು ಜನ ಫ್ಲಾಟುಗಳಿಗೆ ಹೋಗುವಾಗ ಬೀರುಗಳು ಖಾಲಿಯಾಗುತ್ತವೆ. ಬಟ್ಟೆಗೆ ಬದಲಾಗಿ ಪಾತ್ರೆ ಕೊಡುವ ಹೆಂಗಸರು ಬಾಗಿಲಿಗೆ ಬರುವ ಮುಂಚೆ ಕಾಕೂ ಅಲ್ಲಿರುತ್ತಿದ್ದರು. ಬಟ್ಟೆಯನ್ನು ಬೆಳಕಿಗೆ ಹಿಡಿದು ಎಳೆ ಸವೆದಿರುವ ಜಾಗ ಹುಡುಕುವರು. ಮೂಸುವರು. ಕೊನೆಗೆ ಕಣ್ಣು ಮುಚ್ಚಿ, ರೆಪ್ಪೆಯ ಮೇಲೆ ಎಳೆದು ನೋಡುವರು. ಮನೆಯವರು ಬೆರಗಾಗಿ ನಿಂತಿರುತ್ತಿದ್ದರು. ಇವರಿಗೆ ಖಬರೇ ಇರುತ್ತಿರಲಿಲ್ಲ. ರೆಪ್ಪೆಗೆ ಒರಟಾದದ್ದು ಕೂಸಿಗೂ ಒರಟು. ಹೊತ್ತು ತರಲು ನಾನು ಬೇಕಿತ್ತು, ನಮ್ಮ ಮನೆ ಅಲ್ಲೇ ಹತ್ತಿರವಾದ್ದರಿಂದ.

ಹೊಲಿಯುವ ರೀತಿಯೂ ಬೇರೆ. ಹೊಲಿಗೆಯ ಮಡಿಕೆಗಳೆಲ್ಲ ಹೊರಗೆ, ನುಣುಪು ಒಳಗೆ. ನೋಡಿದವರಿಗೆ ಉಲ್ಟಾ ತೊಡಿಸಿದಂತೆ ಕಾಣುತ್ತಿತ್ತು. ಅಮ್ಮ ಒಮ್ಮೆ ನಯವಾಗಿ, "ಫೋಟೋಗೆ ಚೆನ್ನಾಗಿ ಬರಲ್ಲ ಕಾಕೂ" ಅಂದಾಗ ಬಂದ ಉತ್ತರ ನನಗೆ ನೆನಪಿದೆ: "ಹೊಲಿಗಿ ಕೂಸಿನ ಮೈಗೆ ತಾಕಬಾರದ್ರೀ. ಮಂದಿ ಕಣ್ಣಿಗೆ ತಾಕಿದ್ರ ತಾಕಲಿ." ಹಳೆಯ ಬಟ್ಟೆಯ ಮೇಲಿನ ಕಸೂತಿಯನ್ನೂ ಅವರು ಕತ್ತರಿಸಿ ಎಸೆಯುತ್ತಿರಲಿಲ್ಲ. ಯಾರದೋ ಮದುವೆಗೆಂದು ಯಾರೋ ಹಾಕಿದ ಹೂವು, ಹೆಸರಿನ ಮೊದಲ ಅಕ್ಷರ, ಎಲ್ಲ ಕುಂಚಿಗೆಯ ಬೆನ್ನಿಗೆ ಬರುವಂತೆ ಕೂರಿಸುತ್ತಿದ್ದರು. ಎಲ್ಲ ಕೆಟ್ಟದ್ದು ಒಂದು ಅಕ್ಷರದಿಂದಲೇ.

ಬಾಲಿಗಂಜಿನ ಒಂದು ಮನೆಯಲ್ಲಿ ಒಬ್ಬ ಅಜ್ಜಿಯಿದ್ದರು. ಎಲ್ಲರಿಗೂ ಅವರು ಠಾಕುಮಾ. ತೊಂಬತ್ತು ದಾಟಿತ್ತು, ಹಾಸಿಗೆ ಹಿಡಿದಿರಲಿಲ್ಲ. ಕಾಕೂನ ಮುರುಕು ಬಂಗಾಳಿಗೆ ಅವರು ನಗುವರು, ಅವರ ಕಿವುಡಿಗೆ ಕಾಕೂ ನಗುವರು. ತಮ್ಮ ಮದುವೆಯ ಹಾಸಿಗೆ ಬಟ್ಟೆಯನ್ನು ಠಾಕುಮಾ ತಾವೇ ಬೀರುವಿನಿಂದ ತೆಗೆದು ಕಾಕೂನ ಮಡಿಲಿಗೆ ಹಾಕಿದರು. ಮೂಲೆಯಲ್ಲಿ ಕೆಂಪು ದಾರದ ಬಂಗಾಳಿ 'ನ'. ನಾನು ಅಲ್ಲೇ ಇದ್ದೆ. ಮುಂದಿನ ವರ್ಷ ಅವರು ತೀರಿಕೊಂಡರು. ಅವರನ್ನು ನೋಡಿಕೊಳ್ಳುತ್ತಿದ್ದ ಆಯಾಗೆ ಕೆಲಸವಿಲ್ಲದಂತಾಯಿತು. ಅದೇ ಸಮಯದಲ್ಲಿ ನಮ್ಮವರಲ್ಲಿ ದೀಪಾ ಎಂಬಾಕೆ ಹೆತ್ತಿದ್ದಳು. ಕಾಕೂ ಆ ಆಯಾಳನ್ನು ಅವಳ ಮನೆಗೆ ಸೇರಿಸಿದರು. ಜೊತೆಗೆ ಎಂದಿನ ಗಂಟನ್ನೂ ಕೊಟ್ಟರು.

ಆಯಾ ಕುಂಚಿಗೆಯ ಬೆನ್ನಿನ ಮೇಲಿನ ಅಕ್ಷರ ನೋಡಿ ಹಿಗ್ಗಿದಳಂತೆ. "ಓ ಮಾ, ಏ ತೋ ಆಮಾದೇರ್ ಠಾಕುಮಾರ್ ಚಾದೋರ್." ಇದು ನಮ್ಮ ಠಾಕುಮಾ ಅವರ ಹಾಸಿಗೆ ಬಟ್ಟೆ, ಎಷ್ಟು ಸಲ ನಾನೇ ಹಾಸಿದ್ದೇನೆ ಎಂದು. ಅಕ್ಕರೆಯಿಂದಲೇ ಹೇಳಿದ್ದು. ಆದರೆ ದೀಪಾಳ ಮಗುವಿನ ಹೃದಯದಲ್ಲಿ ಹುಟ್ಟುವಾಗಲೇ ತೊಂದರೆಯಿತ್ತು. ಡಾಕ್ಟರು ಮೊದಲೇ ಹೇಳಿದ್ದರು. ಹೆಸರಿಡುವ ಮೊದಲೇ ಮಗು ಹೋಯಿತು.

ಆಮೇಲೆ ಆಯಾಳ ಮಾತು ಮನೆಯಿಂದ ಮನೆಗೆ ನಡೆಯುತ್ತ ಬೆಳೆಯಿತು. ಅಜ್ಜಿಯ ಹಾಸಿಗೆ ಬಟ್ಟೆ ಎಂಬುದು ಸತ್ತ ಅಜ್ಜಿಯ ಹಾಸಿಗೆ ಬಟ್ಟೆಯಾಯಿತು, ಅದು ಸಾಯುವಾಗ ಮೈಕೆಳಗಿದ್ದ ಬಟ್ಟೆಯಾಯಿತು. ತುಂಬು ಬಾಳು ಬಾಳಿದವರ ಬಟ್ಟೆ ಬೇಕು, ಸತ್ತವರದು ಬೇಡ. ಹಾಗಾದರೆ ತೊಂಬತ್ತು ದಾಟಿದವರನ್ನು ಎಲ್ಲಿ ನಿಲ್ಲಿಸಿ, ಯಾವ ಗಳಿಗೆಯಲ್ಲಿ ಇಸಿದುಕೊಳ್ಳಬೇಕು? ನಾನು ಇದನ್ನು ನಾಲ್ಕಾರು ಮನೆಗಳಲ್ಲಿ ಕೇಳಿದೆ. ಯಾರೂ ವಾದಿಸಲಿಲ್ಲ. "ನಾವೇನೂ ನಂಬಲ್ಲಪ್ಪ, ಆದ್ರೂ ಚಿಕ್ಕ ಮಗು ಅಲ್ವಾ" ಎಂದರು. ನಂಬುವವರ ಜೊತೆಗೆ ವಾದ ಮಾಡಬಹುದು. ನಂಬಲ್ಲ, ಆದ್ರೂ ಎನ್ನುವವರ ಜೊತೆಗೆ ಮಾಡಲಾಗುವುದಿಲ್ಲ.

ಅದೇ ದಿನಗಳಲ್ಲಿ ನಮ್ಮ ಅಕ್ಕ ಹೆತ್ತಳು. ಕಾಕೂ ಬಿಸಿಲಲ್ಲಿ ಗಂಟು ಹಿಡಿದುಕೊಂಡು ಬಂದರು. ಬೇರೆ ಮನೆಯ ಮೇಜುಬಟ್ಟೆ, ಹಸಿರು ಬಳ್ಳಿಯ ಕಸೂತಿ. ಅಮ್ಮ ಕುಡಿಯಲು ಮಜ್ಜಿಗೆ ಕೊಟ್ಟು, ಗಂಟನ್ನು ಇಸಿದುಕೊಂಡು, ಅವರು ಹೋದ ಮೇಲೆ ಬೀರುವಿನ ಮೇಲೆ ಎತ್ತಿಟ್ಟಳು. ಅಕ್ಕ ಮಗುವಿಗೆ ಹಾಲು ಕುಡಿಸುತ್ತ ನೋಡುತ್ತಿದ್ದಳು.

ನಾಮಕರಣದ ದಿನ ಅಕ್ಕನ ಮಗಳು ತಾರಾಗೆ ಮಾಲ್‌ನಿಂದ ತಂದ ಫ್ರಾಕು. ಗುಲಾಬಿ ಬಣ್ಣ, ತುಂಬ ಜಾಲರಿ. ದೀಪಾಳೂ ಬಂದಿದ್ದಳು, ಬರಬೇಕೋ ಬೇಡವೋ ಎಂದು ಹೆದರಿಕೊಂಡು ಬಂದವಳ ಹಾಗೆ, ತನ್ನ ಅತ್ತೆಯ ಪಕ್ಕದಲ್ಲಿ ಕೂತಿದ್ದಳು. ಕಾಕೂ ಮಗುವನ್ನು ಎತ್ತಿಕೊಂಡರು. ಅದು ಅಳುತ್ತಿತ್ತು. ಫ್ರಾಕಿನ ಕುತ್ತಿಗೆಯೊಳಗೆ ಬೆರಳು ಹಾಕಿ ನೋಡಿದರು. ಹೊಲಿಗೆ ತಾಕಿದಲ್ಲಿ ಕೆಂಪು ಗೀರು. ತಮ್ಮ ಕರವಸ್ತ್ರವನ್ನು ಮಡಚಿ ಅಲ್ಲಿಗೆ ತುರುಕಿದರು. ಅಳು ನಿಂತಿತು.

ಅಮ್ಮ ಮುಂದೆ ಬಂದಳು. "ಕಾಕೂ, ನೀವು ಹೊಲಿದಿದ್ದು ಸ್ವಲ್ಪ ದೊಡ್ಡದಾಯ್ತು. ಇನ್ನೊಂಚೂರು ಬೆಳೀಲಿ, ಆಮೇಲೆ ಹಾಕ್ತೀವಿ."

ಅಲ್ಲಿದ್ದವರಿಗೆಲ್ಲ ಅದು ಸುಳ್ಳೆಂದು ಗೊತ್ತಿತ್ತು. ಕಾಕೂನ ಅಳತೆ ಯಾವತ್ತಾದರೂ ತಪ್ಪಿತ್ತೇ? ಅವರು ಒಮ್ಮೆ ದೀಪಾಳ ಕಡೆ ನೋಡಿದರು, ಅವಳ ಅತ್ತೆಯ ಕಡೆ ನೋಡಿದರು, ಆಮೇಲೆ ಅಮ್ಮನಿಗೆ ಹೇಳಿದರು. "ಹೌದ್ರೀ, ಆಗಿರಬೇಕು. ನನಗೀಗ ಕಣ್ಣು ಮಂಜಾಗ್ಯಾವ. ಇನ್ನ ಹೊಲಿಯೂದು ಬಿಡಬೇಕಂತ ಮಾಡೀನಿ."

ಆ ವಾಕ್ಯ ಹುಟ್ಟಿದ್ದು ಹೀಗೆ. ಎಲ್ಲರ ಮುಖದಲ್ಲೂ ಎಂಥ ಬಿಡುಗಡೆ. ಅಯ್ಯೋ ಕಾಕೂ, ಆಪರೇಷನ್ ಮಾಡಿಸಿಕೊಳ್ಳಿ, ಈಗ ಏನೂ ಕಷ್ಟವಿಲ್ಲ ಎಂದು ನಾಲ್ಕೂ ಕಡೆಯಿಂದ ಸಲಹೆ. ಪಾಯಸ ಬಂತು.

ಗುಂಡಿ ಹೊಲಿಸಿಕೊಂಡ ಮಧ್ಯಾಹ್ನ ನಾನು ಬಾರಾನಗರಕ್ಕೆ ಹೋಗಿದ್ದು ಇದನ್ನು ಕೇಳಲಿಕ್ಕೇ. ಸಿಟ್ಟು ಬಂದಿತ್ತು. ಠಾಕುಮಾ ತಾವೇ ಬೀರುವಿನಿಂದ ತೆಗೆದು ಕೊಟ್ಟರು, ನಾನು ಸಾಕ್ಷಿ, ಎಲ್ಲರ ಮನೆಗೂ ಹೋಗಿ ಹೇಳುತ್ತೇನೆ, ನೀವು ಯಾಕೆ ಸುಳ್ಳು ಹೇಳಿದಿರಿ ಎಂದೆ.

"ಏನಂತ ಹೇಳ್ತಿ?"

"ಬಟ್ಟೆಯಿಂದ ಏನೂ ಆಗಿಲ್ಲ ಅಂತ. ಮಗೂಗೆ ಹುಟ್ಟಿನಿಂದ್ಲೇ ತೊಂದರೆ ಇತ್ತು ಅಂತ."

"ಹುಟ್ಟಿನಿಂದ ಅಂದ್ರ ಎಲ್ಲಿಂದ?" ಕಾಕೂ ಸೂಜಿಯನ್ನು ನನ್ನ ಕುರ್ತಾದಲ್ಲೇ ಚುಚ್ಚಿ ನಿಲ್ಲಿಸಿದರು. "ದೀಪಾನ ಹೊಟ್ಟಿಯಿಂದ. ಆಕಿ ಅತ್ತಿ ಏನ್ ಕಮ್ಮಿ ಹೆಣಮಗಳಂತ ತಿಳದೀ? ಈಗ ಎಲ್ಲಾರೂ ಅರಬಿಗೆ ಅನ್ಲಿಕ್ಕೆ ಹತ್ಯಾರ. ಅರಬಿ ತಪ್ಪಲ್ಲ ಅಂತ ನೀ ಗೆದ್ದು ಬಂದ್ರ, ಮರದಿನಾ ಆಕಿಗೆ ಅಂತಾರ. ಆ ಹುಡುಗಿ ಇನ್ನೂ ಎದ್ದು ಕುಂತಿಲ್ಲವಾ."

"ಹಾಗಂತ ನೀವು ಹೊತ್ಕೋಬೇಕಾ?"

"ನಾ ಮುದುಕಿ. ನನ್ನ ಮೈ ಒರಟು ಆಗ್ಯದ, ಚುಚ್ಚಂಗಿಲ್ಲ."

ಅದು ಸುಳ್ಳು. ಸೂಜಿಯನ್ನು ಮತ್ತೆ ಕೈಗೆತ್ತಿಕೊಂಡು, ಯಾರನ್ನೂ ಉದ್ದೇಶಿಸದೆ, "ಆಕಿ ತೊಂಬತ್ತು ದಾಟಿ ಬದುಕಿದ್ಲು, ಅದನ್ನ ಯಾರೂ ಹೇಳಂಗಿಲ್ಲ. ಒಂದಿನಾ ಸತ್ಲು, ಅದನ್ನ ಎಲ್ಲಾರೂ ಹೇಳ್ತಾರ" ಎಂದರು. ಮೂಲೆಯಲ್ಲಿ ಒಗೆದು ಮಡಚಿಟ್ಟ ಬಟ್ಟೆಗಳ ರಾಶಿ ಇತ್ತು. ಅದರ ಮೇಲೆ ಹಳೆಯ ಪೇಪರ್ ಮುಚ್ಚಿದ್ದರು.

ಅವರು ಮಾಡಿದ್ದು ಸರಿಯೆಂದು ನನಗೆ ಇವತ್ತಿಗೂ ಅನ್ನಿಸಿಲ್ಲ. ಒಬ್ಬಳನ್ನು ಉಳಿಸಲು ಒಂದು ಮೂಢನಂಬಿಕೆಯನ್ನು ಬೆಳೆಯಲು ಬಿಟ್ಟರೆ ಅದು ಮುಂದೆ ಇನ್ನೊಬ್ಬಳ ಬಾಗಿಲಿಗೆ ಹೋಗುತ್ತದೆ. ಅವರು ಬದುಕಿದ್ದರೆ ಈ ವಾದವನ್ನು ಅವರ ಮುಂದೆಯೇ ಮಂಡಿಸುತ್ತಿದ್ದೆ. ಅವರು ದಾರ ಕಡಿಯುತ್ತ ಏನಾದರೂ ಅಂದು, ನನ್ನ ಬಾಯಿ ಮುಚ್ಚಿಸುತ್ತಿದ್ದರು. ಆದರೆ ದೀಪಾ ಎದ್ದು ಕುಳಿತಳು. ಮತ್ತೆ ಕೆಲಸಕ್ಕೆ ಹೋಗತೊಡಗಿದಳು. ಅವಳಿಗೆ ಯಾರೂ ಏನೂ ಅನ್ನಲಿಲ್ಲ ಎಂಬುದನ್ನೂ ನಾನು ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಗುತ್ತದೆ.

ಕೆಲಸ ನಿಂತ ಮೇಲೆ ಕಾಕೂಗೆ ಇಲ್ಲಿರಲು ನೆಪವಿರಲಿಲ್ಲ. ಬೆಳಗಾವಿಗೆ ಹೊರಟರು. ಹೌರಾ ಸ್ಟೇಷನ್ನಿಗೆ ನಾವೆಲ್ಲ ಹೋಗಿದ್ದೆವು. ಅಕ್ಕನ ಸೊಂಟದ ಮೇಲೆ ತಾರಾ, ಮತ್ತೊಂದು ಜಾಲರಿಯ ಫ್ರಾಕಿನಲ್ಲಿ. ಕಾಕೂ ಕಿಟಕಿಯಿಂದ ಕೈ ಚಾಚಿ ಮಗುವಿನ ಕೆನ್ನೆ ಮುಟ್ಟಿದರು. ಬೆರಳು ಅಭ್ಯಾಸಬಲದಿಂದ ಕುತ್ತಿಗೆಯ ಪಟ್ಟಿಯತ್ತ ಹೋಗಿ, ಅರ್ಧಕ್ಕೇ ಹಿಂದೆ ಬಂತು. ನನಗೆ, "ಗುಂಡಿ ಬಿಗೀ ಅದ ಏನು?" ಎಂದು ಕೇಳಿದರು. ಅದೇ ಕೊನೆ. ಹೋದ ಚಳಿಗಾಲದಲ್ಲಿ ಮಗಳ ಮನೆಯಲ್ಲೇ ತೀರಿಕೊಂಡರು.

ಕಳೆದ ವಾರ ಅಕ್ಕ ಮನೆ ಬದಲಾಯಿಸಿದಳು. ಸಾಮಾನು ಕಟ್ಟಲು ನಾನು ಹೋಗಿದ್ದೆ. ಅವಳ ಬೀರುವಿನ ಅತಿ ಕೆಳಗಿನ ಖಾನೆಯಲ್ಲಿ, ಚಳಿಬಟ್ಟೆಗಳ ಹಿಂದೆ, ಆ ಹಸಿರು ಬಳ್ಳಿಯ ಕುಂಚಿಗೆ ಸಿಕ್ಕಿತು. ಅಮ್ಮ ಮೇಲೆತ್ತಿಟ್ಟದ್ದು ಇಲ್ಲಿಗೆ ಯಾವಾಗ ಬಂತೋ. ಹೊಚ್ಚ ಹೊಸದಾಗಿರುತ್ತದೆ ಎಂದುಕೊಂಡು ಬಿಚ್ಚಿದೆ. ಎದೆಯ ಮೇಲೆ ಹಾಲಿನ ಹಳದಿ ಕಲೆಗಳು, ಎಷ್ಟು ಒಗೆದರೂ ಹೋಗದಂಥವು. ಕಟ್ಟುವ ದಾರದ ತುದಿ ಹಲ್ಲು ಬಂದ ಮಗು ಅಗಿದು ಅಗಿದು ಕುಂಚವಾಗಿತ್ತು. ಒಂದು ಪಕ್ಕ ಹರಿದಿತ್ತು. ಅದನ್ನು ಹೊಲಿಗೆ ಬಾರದ ಯಾರೋ ದಪ್ಪ ದಾರದಲ್ಲಿ, ಸೊಟ್ಟಸೊಟ್ಟಗೆ, ಹೊಲಿಗೆ ಹೊರಗೆ ಬರುವಂತೆ ಸೇರಿಸಿದ್ದರು.

ಅಡುಗೆಮನೆಯಿಂದ ಬಂದ ಅಕ್ಕ ಬಾಗಿಲಲ್ಲೇ ನಿಂತಳು.

"ದಿನಾ ಹಾಕ್ತಿದ್ಯಾ?"

"ಬೇರೆ ಏನು ಹಾಕಿದ್ರೂ ಅಳ್ತಿದ್ಲು," ಎಂದಳು. "ಯಾರಾದ್ರೂ ಬರೋ ಹೊತ್ತಿಗೆ ತೆಗೀತಿದ್ದೆ. ಅಮ್ಮಂಗೂ ಗೊತ್ತಿಲ್ಲ."

ಕೈಯಿಂದ ಇಸಿದುಕೊಂಡು, ಕಲೆ ಒಳಗೆ ಬರುವಂತೆ ಮಡಚತೊಡಗಿದಳು.

"ಅಕ್ಕಾ, ಕಾಕೂಗೆ ಒಂದು ಸಲ ಫೋನ್ ಮಾಡಿ ಹೇಳಿದ್ಯಾ?"