ಗಂಜಿ ಹಾಕಿದ ಹಗ್ಗ

ನಮ್ಮ ಮುಲುಂಡಿನ ಮನೆಯಲ್ಲಿ ಇರುವುದು ಒಂದೇ ಮೇಜು. ಅದರ ಮೇಲೆ ಊಟ ಆಗಬೇಕು, ಸೊಸೆಯ ಆಫೀಸು ಕೆಲಸ ಆಗಬೇಕು, ನನ್ನ ಹಡಗೂ ಆಗಬೇಕು. ಊಟವನ್ನು ನೆಲದ ಮೇಲೆ ಕೂತು ಮಾಡಬಹುದು. ಉಳಿದ ಎರಡಕ್ಕೆ ಮೇಜೇ ಬೇಕು. ಜಗಳ ಹುಟ್ಟಿದ್ದು ಅಲ್ಲಿ.

ಸೊಸೆ ಮಂಗಳವಾರ, ಗುರುವಾರ ಬಾಂದ್ರಾದ ಆಫೀಸಿಗೆ ಹೋಗುತ್ತಾಳೆ. ಸೋಮ, ಬುಧ, ಶುಕ್ರ ಮನೆಯಿಂದಲೇ ಕೆಲಸ. ಆ ಮೂರು ದಿನ ಮೇಜಿನ ಮೇಲೆ ಅವಳ ಲ್ಯಾಪ್‌ಟಾಪು, ಮೇಜಿನ ಕೆಳಗೆ ಅವಳ ವಯರು, ಮೇಜಿನ ಸುತ್ತ "ಶ್ಶ್!" ನಾನು ಮರ ಉಜ್ಜುವ ಸದ್ದು ಅವಳ ಮೀಟಿಂಗಿನವರಿಗೆಲ್ಲ ಕೇಳಿಸುತ್ತದಂತೆ.

ನಾನು ಓದಿದ್ದು ನಾಲ್ಕನೇ ಕ್ಲಾಸು, ಅದೂ ಪೂರ್ತಿ ಅಲ್ಲ. ಮರದ ಹಡಗು ಕಟ್ಟುವ ಹುಚ್ಚು ಹಿಡಿದದ್ದು ಗಂಡ ಹೋದ ಮೇಲೆ. ಅಡಿಗೆ ಅರ್ಧ ಆಯಿತು, ಮಧ್ಯಾಹ್ನ ಉದ್ದ ಆಯಿತು. ಮಗನಿಗೆ ದೀಪಾವಳಿಗೆ ಯಾರೋ ಕೊಟ್ಟ ಒಂದು ಪೆಟ್ಟಿಗೆ ಮಂಚದ ಅಡಿಯಲ್ಲಿ ಬಿದ್ದಿತ್ತು. ತೆಗೆದು ನೋಡಿದರೆ ತೆಳು ಮರದ ಪಟ್ಟಿಗಳು, ನೂಲಿನ ಉಂಡೆ, ಇಂಗ್ಲಿಷಿನ ಪುಸ್ತಕ. ಪುಸ್ತಕದಲ್ಲಿ ಚಿತ್ರ ಇತ್ತು, ಅಷ್ಟು ಸಾಕು. ಪಟ್ಟಿ ಬಗ್ಗಬೇಕಾದರೆ ಹಬೆ ಬೇಕು ಅಂತ ಚಿತ್ರ ನೋಡಿಯೇ ತಿಳಿಯಿತು. ಇಡ್ಲಿ ಪಾತ್ರೆಯಲ್ಲಿ ಬೇಯಿಸಿದೆ. ಅಂಟು ಒಣಗುವವರೆಗೆ ಒತ್ತಿ ಹಿಡಿಯಲಿಕ್ಕೆ ಬಟ್ಟೆ ಒಣಹಾಕುವ ಕ್ಲಿಪ್ಪು.

"ಅತ್ತೆ, ಇಡ್ಲಿಯಲ್ಲಿ ಮರದ ವಾಸನೆ ಬರ್ತದೆ" ಅಂದಳು ಸೊಸೆ.

"ಹಡಗಿನಲ್ಲಿಯೂ ಇಡ್ಲಿ ವಾಸನೆ ಉಂಟು. ಅದು ಏನಾದರೂ ದೂರು ಹೇಳಿತಾ?"

ನಾನು ಹೇಳುತ್ತಿರುವುದು ಮೂರನೆಯ ಹಡಗಿನ ಕಥೆ. ಎರಡು ಹಾಯಿಕಂಬದ್ದು, ನನ್ನ ಮೊಣಕೈಯಿಂದ ಬೆರಳ ತುದಿಯವರೆಗಿನಷ್ಟು ಉದ್ದ. ಇದರಲ್ಲಿ ಮರದ ಕೆಲಸಕ್ಕಿಂತ ಹಗ್ಗದ ಕೆಲಸ ಜಾಸ್ತಿ. ಕಂಬವನ್ನು ಎಡಕ್ಕೆ, ಬಲಕ್ಕೆ, ಹಿಂದಕ್ಕೆ, ಮುಂದಕ್ಕೆ ಎಳೆದು ಹಿಡಿಯುವ ಹಗ್ಗಗಳು, ಆಳು ಹತ್ತುವ ಹಗ್ಗದ ಏಣಿಗಳು. ಎಲ್ಲ ಹೊಲಿಗೆ ನೂಲಿನಷ್ಟು ಸಪೂರ. ಅದಕ್ಕೆ ನಾನು ಹೆದರಲಿಲ್ಲ. ಬೈಕುಲ್ಲಾದ ಚಾಳಿನಲ್ಲಿ ಇದ್ದಾಗ ಗಂಡ ಹೋಟೆಲಿನಲ್ಲಿ ದೋಸೆ ಹೊಯ್ಯುತ್ತಿದ್ದರು, ನಾನು ಮನೆಯಲ್ಲಿ ಕೂತು ಹೂವಿನವಳಿಗೆ ಮಲ್ಲಿಗೆ ಕಟ್ಟಿಕೊಡುತ್ತಿದ್ದೆ. ಇಪ್ಪತ್ತು ವರ್ಷ. ಕಣ್ಣು ಮುಚ್ಚಿದರೂ ಬೆರಳು ಗಂಟು ಹಾಕುತ್ತದೆ.

ಬಾಂದ್ರಾದಲ್ಲಿ ಹೀಗೆ ಹಡಗು ಕಟ್ಟುವವರದ್ದೇ ಒಂದು ಕೂಟ ಇದೆ ಅಂತ ಹುಡುಕಿದ್ದು ಸೊಸೆ. ನನ್ನ ಮೇಲಿನ ಪ್ರೀತಿಯಿಂದ ಅಲ್ಲ, ಮೇಜು ಖಾಲಿ ಆಗಲಿ ಅಂತ. ಅವರಿಗೊಂದು ಕೋಣೆ, ಕೋಣೆಯಲ್ಲಿ ಬೆಂಚುಗಳು. ಸೇರಿಸಿಕೊಂಡವರಿಗೆ ವಾರಕ್ಕೆ ಎರಡು ದಿನ ಒಂದು ಬೆಂಚು, ಹಡಗು ಇಡಲು ಒಂದು ಕಪಾಟು. ಆಗ ಖಾಲಿ ಇದ್ದದ್ದು ಒಂದೇ ಬೆಂಚು, ಒಂದೇ ಕಪಾಟು. ಕೇಳುವವರು ನಾನು ಮತ್ತು ಇನ್ನೊಬ್ಬ. ಮೊದಲು ಕೇಳಿದ್ದು ನಾನು, ಆದ್ದರಿಂದ ನನ್ನ ಹಡಗು ಮೊದಲು ನೋಡುತ್ತಾರೆ. ಪೂರ್ತಿ ಮುಗಿದ ಹಡಗು ಇರಬೇಕು, ಒಂದು ಹಗ್ಗವೂ ಕಡಿದಿರಬಾರದು. ಜುಲೈ ತಿಂಗಳ ಒಂದು ಶನಿವಾರ, ಹನ್ನೆರಡು ಗಂಟೆಯ ಒಳಗೆ ತರಬೇಕು.

ಸೊಸೆ ನನ್ನೆದುರು ನಿಂತು ಕರಾರು ಹಾಕಿದಳು. "ಬೆಂಚು ಸಿಕ್ಕರೆ ಹಡಗು ಅಲ್ಲಿ. ಸಿಗದಿದ್ದರೆ ಸೋಮವಾರದಿಂದ ಎಲ್ಲ ಅಟ್ಟಕ್ಕೆ. ಮತ್ತೆ ಕಿರಿಕಿರಿ ಮಾಡಬಾರದು, ಪಕ್ಕಾ?"

"ಪಕ್ಕಾ" ಅಂದೆ. ಅಟ್ಟಕ್ಕೆ ಹೋದದ್ದು ನಮ್ಮ ಮನೆಯಲ್ಲಿ ಕೆಳಗೆ ಬಂದ ಚರಿತ್ರೆ ಇಲ್ಲ. ನನಗೆ ಎಪ್ಪತ್ತು ದಾಟಿದೆ, ಏಣಿ ಹತ್ತಲು ಆಗುವುದಿಲ್ಲ. ಅಲ್ಲಿಗೆ ನನ್ನ ಕೆಲಸ ಮುಗಿಯಿತು ಅಂತಲೇ ಲೆಕ್ಕ.

ಕೂಟದ ಹಿರಿಯರನ್ನು ಎಲ್ಲರೂ ಸರ್ ಅನ್ನುತ್ತಾರೆ. ಹಡಗಿನಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಮೊದಲ ಸಲ ಹೋದಾಗಲೇ ಹಿಂದಿಯಲ್ಲಿ ಒಂದು ಮಾತು ಹೇಳಿದ್ದರು, ನೂಲಿಗೆ ಜೇನುಮೇಣ ತಿಕ್ಕಿ ಕಟ್ಟಿ ಅಂತ. ಹಾಂ ಹಾಂ ಅಂದು ಬಂದೆ. ಮನೆಗೆ ಬಂದು ಗಂಜಿ ಹಾಕಿದೆ. ನಲವತ್ತು ವರ್ಷ ನನ್ನ ನೂಲಿನ ಸೀರೆಗಳನ್ನು ಕಡ್ಡಿಯ ಹಾಗೆ ನಿಲ್ಲಿಸಿದ್ದು ಅಕ್ಕಿಯ ಗಂಜಿ, ಹೊಲಿಗೆ ನೂಲು ಯಾವ ದೊಡ್ಡ ಮಾತು? ನೂಲನ್ನು ಗಂಜಿಯಲ್ಲಿ ಅದ್ದಿ, ಬಾಗಿಲ ಚಿಲಕಕ್ಕೆ ಕಟ್ಟಿ, ಕೆಳತುದಿಗೆ ಕಲ್ಲಿನ ಕುಟ್ಟಾಣಿ ನೇತುಹಾಕಿ ಒಣಗಿಸಿದೆ. ತಂತಿಯ ಹಾಗೆ ಬಂತು. ಅದರಿಂದಲೇ ಎಲ್ಲ ಹಗ್ಗ ಕಟ್ಟಿದೆ. ಅದು ಮೇ ತಿಂಗಳು. ಸೊಸೆಯ ಮೀಟಿಂಗಿಗೆ ಏಸಿ ಓಡುತ್ತಿತ್ತು, ಮಳೆ ಶುರುವಾದ ಮೇಲೂ ಕೋಣೆ ಒಣ ಒಣ. ನನ್ನ ಹಡಗು ಮಳೆಗಾಲದ ಗಾಳಿಯನ್ನೇ ಕಂಡಿರಲಿಲ್ಲ.

ಆ ಶನಿವಾರ ಬೆಳಿಗ್ಗೆಯಿಂದಲೇ ಜಡಿಮಳೆ. ಮಗನಿಗೆ ಡ್ಯೂಟಿ. ಸೊಸೆ ಫೋನಿನಲ್ಲಿ ಟ್ಯಾಕ್ಸಿ ಕರೆದಳು, ಬರುತ್ತೇನೆ ಅಂದವನು ಬರಲಿಲ್ಲ. ಎರಡನೆಯವನೂ ಬರಲಿಲ್ಲ. ಸಯನಿನಲ್ಲಿ ರಸ್ತೆ ತುಂಬ ನೀರು ಅಂತ ಕೆಳಗಿನ ವಾಚ್‌ಮನ್ ಹೇಳಿದ. ಗಂಟೆ ಹತ್ತೂಕಾಲು.

"ಲೋಕಲ್‌ನಲ್ಲಿ ಹೋಗುವ" ಅಂದೆ.

"ಅತ್ತೆ, ಪಾಗಲ್ ಆಗಿದ್ದೀರಾ? ಈ ಗರ್ದಿಯಲ್ಲಿ ಮನುಷ್ಯರೇ ಚಪಾತಿ ಆಗ್ತಾರೆ."

"ಲಗೇಜ್ ಡಬ್ಬಾ ಯಾರಿಗೆ ಇಟ್ಟಿದ್ದಾರೆ?"

ರಟ್ಟಿನ ಪೆಟ್ಟಿಗೆ, ಅದರ ಮೇಲೆ ಪ್ಲಾಸ್ಟಿಕ್ಕು. ಒಂದು ಕಡೆ ಅವಳು, ಒಂದು ಕಡೆ ನಾನು ಹಿಡಿದು ಸ್ಟೇಷನ್ನಿಗೆ ನಡೆದೆವು. ಗಾಡಿಗಳೆಲ್ಲ ತಡ. ಬಂದ ಒಂದರ ಲಗೇಜ್ ಡಬ್ಬಾದಲ್ಲಿ ಮೀನಿನ ಬುಟ್ಟಿಗಳು, ತರಕಾರಿ ಮೂಟೆಗಳು, ಲಗೇಜು ಇಲ್ಲದ ಗಂಡಸರು. ಮೂಲೆಯಲ್ಲಿ ಖಾಲಿ ಬುಟ್ಟಿ ಕವುಚಿ ಕೂತಿದ್ದ ಕೋಳಿ ಹೆಂಗಸು, ಅಂದರೆ ಇಲ್ಲಿಯ ಮೀನುಗಾರ ಜಾತಿಯವಳು, ಸರಿದು ಜಾಗ ಕೊಟ್ಟಳು. "ಆಜಿ, ಒಳಗೆ ಏನು?" ಅಂತ ಮರಾಠಿಯಲ್ಲಿ ಕೇಳಿದಳು. ಹಡಗು ಅಂದೆ. "ಹಾಗಾದರೆ ಗಾಡಿ ನಿಂತರೂ ಚಿಂತೆ ಇಲ್ಲ, ನೀನು ತೇಲಿಕೊಂಡು ಹೋಗ್ತೀ" ಅಂದಳು. ಸುತ್ತಲಿನವರು ನಕ್ಕರು. ನನಗೆ ನಗು ಬರಲಿಲ್ಲ.

ಭಾಂಡೂಪು ದಾಟುವ ಹೊತ್ತಿಗೆ ಬಾಗಿಲಿನಿಂದ ಎರಚಲು ಒಳಗೆ ಹೊಡೆಯುತ್ತಿತ್ತು. ಪೆಟ್ಟಿಗೆಯ ತಳ ಕೈಗೆ ಮೆತ್ತಗೆ ಸಿಕ್ಕಿತು. ನೆಲದಲ್ಲಿ ಹರಿಯುತ್ತಿದ್ದ ಮೀನಿನ ನೀರು ರಟ್ಟಿಗೆ ಹತ್ತಿತ್ತು. ಪೆಟ್ಟಿಗೆ ತೆರೆದು ಹಡಗನ್ನು ಮಡಿಲಿಗೆ ತೆಗೆದುಕೊಂಡೆ. ಬೇರೆ ದಾರಿ ಇರಲಿಲ್ಲ. ಸೊಸೆ ಕೊಡೆ ಬಿಡಿಸಿ ಬಾಗಿಲ ಕಡೆಗೆ ಅಡ್ಡ ಹಿಡಿದಳು.

ವಿಕ್ರೋಳಿಯ ಹತ್ತಿರ ಗಾಡಿ ನಿಂತಿತು. ಹತ್ತು ನಿಮಿಷ ಆಯಿತು, ಹದಿನೈದು ಆಯಿತು. ಅಷ್ಟರಲ್ಲಿ ಒಂದು ಸಣ್ಣ ಸದ್ದು. ಟಿಕ್. ಸ್ವಲ್ಪ ಹೊತ್ತು ಬಿಟ್ಟು ಮತ್ತೆ, ಟಿಕ್.

ನೋಡಿದರೆ ದೊಡ್ಡ ಕಂಬ ನೆಟ್ಟಗಿಲ್ಲ. ತುದಿ ಹಿಂದಕ್ಕೆ ಬಾಗಿತ್ತು. ಮುಂದಕ್ಕೆ ಎಳೆಯುವುದು ಒಂದೇ ಹಗ್ಗ, ಹಿಂದಕ್ಕೆ ಎರಡು. ಆ ಎರಡನ್ನು ಮುಟ್ಟಿದೆ. ಬಿಗಿಯೆಂದರೆ ಬಿಗಿ, ಬೆರಳಿಗೆ ಕೊಯ್ಯುವ ಹಾಗೆ. ಆಗ ತಿಳಿಯಿತು ನನ್ನ ಬುದ್ಧಿವಂತಿಕೆ. ಕುಟ್ಟಾಣಿ ನೇತುಹಾಕಿ ನೂಲನ್ನು ಎಳೆದು ಉದ್ದ ಮಾಡಿದ್ದೆ, ಗಂಜಿ ಅದನ್ನು ಹಾಗೇ ಹಿಡಿದಿಟ್ಟಿತ್ತು. ಈಗ ಗಂಜಿ ನೀರು ಕುಡಿದು ಮೆತ್ತಗಾಯಿತು, ನೂಲು ತನ್ನ ಮೊದಲಿನ ಉದ್ದಕ್ಕೆ ಹೊರಟಿತು. ಕಂಬ ನನ್ನ ಕಿರುಬೆರಳಿಗಿಂತ ಸಪೂರ. ಎಷ್ಟು ತಡೆಯುತ್ತದೆ?

"ಕತ್ತರಿ ಕೊಡು" ಅಂದೆ. ಅವಳ ಚೀಲದಲ್ಲಿ ಉಗುರು ಕತ್ತರಿಸುವ ಸಣ್ಣ ಕತ್ತರಿ ಯಾವಾಗಲೂ ಇರುತ್ತದೆ.

"ಬೇಡ ಅತ್ತೆ. ಕಡಿದ ಹಗ್ಗ ನಡೆಯುವುದಿಲ್ಲ ಅಂದಿದ್ದಾರೆ. ಗಾಡಿ ಹೊರಡ್ತದೆ, ಸ್ವಲ್ಪ ತಡೆಯಿರಿ."

"ಕಂಬ ತಡೆಯುವುದಿಲ್ಲ."

"ಒಂದು ಹಗ್ಗ ಕಡಿದರೂ ಬೆಂಚು ಹೋಯ್ತು!"

ಮತ್ತೆ ಟಿಕ್. ಕಂಬದ ಬುಡದಲ್ಲಿ ಕೂದಲಿನಷ್ಟು ಗೀರು ಕಾಣಿಸಿತು. ನನ್ನ ಬಾಯಿ ನನ್ನ ಹಿಡಿತದಲ್ಲಿ ಇರಲಿಲ್ಲ. "ಕಂಬ ಮುರಿಯಲಿ ಅಂತ ಕಾಯ್ತಿದ್ದೀಯಾ? ಮುರಿದರೆ ಮೇಜು ನಿನಗೇ ಅಲ್ವಾ" ಅಂದೆ.

ಮೀನಿನವಳಿಗೆ ಕನ್ನಡ ಬಾರದಿದ್ದರೂ ಮಾತಿನ ಪೆಟ್ಟು ತಿಳಿದಿರಬೇಕು, ತಲೆ ಆಚೆ ತಿರುಗಿಸಿದಳು. ಸೊಸೆ ಚೀಲದಿಂದ ಕತ್ತರಿ ತೆಗೆದು ನನ್ನ ಅಂಗೈಯಲ್ಲಿಟ್ಟಳು. ಕೊಡೆ ಮಾತ್ರ ಕೆಳಗಿಳಿಸಲಿಲ್ಲ. ಅವಳ ಅರ್ಧ ಮೈ ನೆನೆದಿತ್ತು.

ಎರಡು ಹಗ್ಗವನ್ನೂ ಕಡಿದೆ. ಕಂಬ ಮುಕ್ಕಾಲು ನೆಟ್ಟಗಾಯಿತು. ಗೀರು ಹಾಗೇ ಉಳಿಯಿತು.

ಕೊನೆಗೂ ಗಾಡಿ ಹೊರಟಿತು. ದಾದರಿನಲ್ಲಿ ಸೇತುವೆ ದಾಟಿ ವೆಸ್ಟರ್ನ್ ಲೈನಿನ ಗಾಡಿ ಹಿಡಿಯಬೇಕು. ಅವಳು ಮುಂದೆ ನಡೆದಳು. "ಸೈಡ್! ಸೈಡ್ ದೋ!" ಅಂತ ಕೂಗಿ, ಮೊಣಕೈ ಹಾಕಿ, ಒಬ್ಬ ಗಂಡಸನ್ನು ನೂಕಿಯೂ ದಾರಿ ಮಾಡಿದಳು. ನಾನು ಹಡಗನ್ನು ಎದೆಗೆ ಹಿಡಿದು ಅವಳ ಬೆನ್ನು ನೋಡಿಕೊಂಡು ಹೋದೆ. ಆಡಿದ ಮಾತು ತಪ್ಪು ಅಂತ ಆಗಲೇ ಗೊತ್ತಿತ್ತು. ಕ್ಷಮೆ ಕೇಳಲಿಲ್ಲ. ನಮ್ಮ ಮನೆಯಲ್ಲಿ ಆ ಅಭ್ಯಾಸ ಇಲ್ಲ.

ಬಾಂದ್ರಾದ ಕೋಣೆಗೆ ಮುಟ್ಟಿದಾಗ ಹನ್ನೆರಡಕ್ಕೆ ಐದು ನಿಮಿಷ. ಬೆಂಚು ಕೇಳಿದ್ದ ಆ ಇನ್ನೊಬ್ಬ ಆಗಲೇ ಬಂದು ಕೂತಿದ್ದ. ಅವನ ಹಡಗು ಗಾಜಿನ ಪೆಟ್ಟಿಗೆಯಲ್ಲಿ, ಒಂದು ಹನಿ ನೀರು ಸೋಕದೆ. ನನ್ನ ಸೀರೆಯಿಂದ ಮೀನಿನ ವಾಸನೆ ಬರುತ್ತಿತ್ತು.

ಸರ್ ಕಡಿದ ತುದಿ ಹಿಡಿದು ನೋಡಿದರು. ಬೆರಳಲ್ಲಿ ಹೊಸೆದರು. ಆಮೇಲೆ, ದೇವರಾಣೆ, ನಾಲಿಗೆಗೆ ಮುಟ್ಟಿಸಿದರು.

"ಚಾವಲ್?" ಅಂದರು. ಅಕ್ಕಿಯಾ ಅಂತ.

ಸುತ್ತ ನಿಂತವರು ಕಿಸಕ್ಕೆಂದರು.

"ಮೇಣ ಹಚ್ಚಲು ಹೇಳಿದ್ದೆನಲ್ಲ?" ಹಿಂದಿಯಲ್ಲಿ ಕೇಳಿದರು.

"ಹೇಳಿದ್ದಿರಿ. ನಾನು ಕೇಳಲಿಲ್ಲ" ಅಂದೆ. "ಗಾಡಿಯಲ್ಲಿ ಹಗ್ಗ ಎಳೆಯಿತು. ಕಂಬ ಉಳಿಸಲಿಕ್ಕೆ ನಾನೇ ಕಡಿದೆ."

ಅವರು ನಗಲಿಲ್ಲ. ಗೀರನ್ನು ಉಗುರಿನಿಂದ ತಡವಿ ನೋಡಿದರು. ಉಳಿದ ಹಗ್ಗಗಳನ್ನು ಒಂದೊಂದಾಗಿ ಮೀಟಿದರು. ಹಳದಿ ಮೇಣದ ಒಂದು ಮುದ್ದೆ, ಒಂದು ಉಂಡೆ ನೂಲು ನನ್ನ ಮುಂದೆ ತಳ್ಳಿದರು. "ಒಂದು ಗಂಟೆಗೆ ಕೋಣೆಗೆ ಬೀಗ. ಅಷ್ಟರಲ್ಲಿ ಎರಡೂ ಹಗ್ಗ ಕಟ್ಟಿದರೆ ಹಡಗು ಪೂರ್ತಿ ಅಂತ ತಿಳಿಯುತ್ತೇನೆ. ಇಲ್ಲದಿದ್ದರೆ ಅವರ ಸರದಿ."

ಮನೆಯಲ್ಲಿ ಆ ಎರಡು ಹಗ್ಗಕ್ಕೆ ನನಗೆ ಒಂದು ಇಡೀ ದಿನ ಹಿಡಿದಿತ್ತು. ಕೈ ತಣ್ಣಗಾಗಿತ್ತು, ಕನ್ನಡಕಕ್ಕೆ ಮಂಜು ಕಟ್ಟಿತ್ತು. ನೂಲನ್ನು ಮೇಣದಲ್ಲಿ ಎಳೆದೆ. ಮೊದಲ ಗಂಟು ಜಾರಿತು. ಮೇಣದ ನೂಲು ಬಾಳೆನಾರಿನ ಹಾಗೂ ಅಲ್ಲ, ಹೂವಿನ ದಾರದ ಹಾಗೂ ಅಲ್ಲ. ಎರಡನೆಯ ಸಲವೂ ಜಾರಿತು. ಯಾರೋ ಗಂಟಲು ಸರಿಮಾಡಿಕೊಂಡರು. ಕನ್ನಡಕ ತೆಗೆದಿಟ್ಟು ಕಣ್ಣು ಮುಚ್ಚಿದೆ. ಕಂಬದ ತುದಿಯನ್ನು ಮಲ್ಲಿಗೆಯ ತೊಟ್ಟು ಅಂದುಕೊಂಡೆ, ಒಂದು ಸುತ್ತು ಹಾಕಿ ಒಳಗಿನಿಂದ ಎಳೆದೆ. ಕೂತಿತು.

ಎರಡನೆಯ ಹಗ್ಗದ ಕೊನೆ ಗಂಟಿಗೆ ಬಂದಾಗ ಸೊಸೆ ಹಿಂದಿನಿಂದ ಮೆಲ್ಲಗೆ, "ಏಳು ನಿಮಿಷ ಉಂಟು, ಆರಾಮ್ ಸೆ" ಅಂದಳು. ವಿಕ್ರೋಳಿಯ ನಂತರ ಅವಳು ನನ್ನೊಡನೆ ಆಡಿದ ಮೊದಲ ಮಾತು. ಆ ಗಂಟು ಹಾಕಿ, ಬಾಲ ಕತ್ತರಿಸಿ, ಕತ್ತರಿಯನ್ನು ಅವಳಿಗೆ ವಾಪಸ್ಸು ಕೊಟ್ಟೆ.

ಸರ್ ಕಂಬವನ್ನು ಬೆರಳಿನಿಂದ ಒತ್ತಿ ನೋಡಿದರು. ಅಲ್ಲಾಡಲಿಲ್ಲ. ಉಳಿದ ಗಂಜಿ ಹಗ್ಗಗಳನ್ನೆಲ್ಲ ಇಲ್ಲೇ ಕೂತು ಬದಲಿಸಬೇಕು ಅಂದರು. ಆಮೇಲೆ ಸೊಸೆಯ ಕಡೆ ತಿರುಗಿ, ಇವರಿಗೆ ಸೋಮ-ಬುಧ ಬೇಕಾ, ಮಂಗಳ-ಗುರು ಬೇಕಾ ಅಂತ ಇಂಗ್ಲಿಷಿನಲ್ಲಿ ಕೇಳಿದರು. ದಿನಗಳ ಹೆಸರು ನನಗೂ ತಿಳಿಯುತ್ತದೆ. ಮಂಗಳ-ಗುರು ಅನ್ನಲು ಬಾಯಿ ತೆರೆದೆ. ಅವಳು ಆಫೀಸಿಗೆ ಬರುವ ದಿನ ಅವಳ ಜೊತೆಗೇ ಬರಬಹುದಲ್ಲ ಅಂತ.

"ಸೋಮ, ಬುಧ" ಅಂದುಬಿಟ್ಟಳು ಅವಳು, ನನ್ನನ್ನು ಕೇಳದೆ.

ನನಗೆ ಉರಿದುಹೋಯಿತು. ಮುದುಕಿ ಒಬ್ಬಳೇ ಗಾಡಿಯಲ್ಲಿ ಸಾಯಲಿ ಅಂತ ಸೇಡು ತೀರಿಸಿಕೊಂಡಳು ಅಂದುಕೊಂಡೆ. ವಾಪಸ್ಸು ಬರುವಾಗ ದಾದರಿನ ಸೇತುವೆಯ ಮೇಲೆ ಕೇಳಿಯೂ ಕೇಳಿದೆ.

"ಲೇಡೀಸ್ ಡಬ್ಬಾದಲ್ಲಿ ಹನ್ನೊಂದು ಗಂಟೆಗೆ ಹೊರಡಿ, ಗರ್ದಿ ಇರುವುದಿಲ್ಲ" ಅಂದಳು. ನಡಿಗೆ ನಿಲ್ಲಿಸಲಿಲ್ಲ. "ಮಂಗಳ-ಗುರು ನಾನು ಮನೆಯಲ್ಲಿ ಇರುವುದಿಲ್ಲ. ಮೇಜು ಖಾಲಿ. ಸಣ್ಣಪುಟ್ಟ ಕೆಲಸ ಅಲ್ಲಿ ಮಾಡಿ. ಒಟ್ಟು ನಾಲ್ಕು ದಿನ ಆಯ್ತಲ್ಲ? ಆದರೆ ಸಂಜೆ ನಾನು ಬರುವಾಗ ಒಂದು ಚೂರು ಮರದ ಪುಡಿ ಕಂಡರೆ ನೋಡಿ ಮತ್ತೆ."

ನಾನು ಬೆರಳು ಮಡಚಿ ಎಣಿಸಿದೆ. ನಾಲ್ಕೇ. ಎರಡು ದಿನ ನಾನಿಲ್ಲದ ಮನೆಯಲ್ಲಿ ಅವಳಿಗೂ ನೆಮ್ಮದಿ, ಅದೂ ನನಗೆ ಗೊತ್ತುಂಟು. ಇರಲಿ.

ಈಗ ಗಂಜಿ ಸೀರೆಗೆ ಮಾತ್ರ. ಸೋಮವಾರ, ಬುಧವಾರ ಒಬ್ಬಳೇ ಹೋಗಿ ಬರುತ್ತೇನೆ. ಶುಕ್ರವಾರದ ಜಗಳ ಇನ್ನೂ ತೀರಿಲ್ಲ.