ಬಿಲ್ಲೆ ನನ್ನ ಜೇಬಿನಲ್ಲೇ ಇತ್ತು

ಆ ಶುಕ್ರವಾರ ನಾವು ನಾಲ್ವರೂ ಸೇತುವೆಯ ಒಳಗೆ ಹೋಗಿದ್ದೆವು ಎಂದು ನಮ್ಮ ಮನೆಯವರು ಇಂದಿಗೂ ಹೇಳುತ್ತಾರೆ. ಇದು ಸರಿಯಲ್ಲ. ಹೋದವರು ಮೂವರು: ಅಪ್ಪ, ಅವ್ವ, ಅಕ್ಕ. ನಾನು ಬಾಗಿಲಲ್ಲೇ ಕೂತಿದ್ದೆ.

ದೆವ್ವ, ಜಾತಕ, ಪುನರ್ಜನ್ಮ ಎಲ್ಲವನ್ನೂ ಚರ್ಚಾಸ್ಪರ್ಧೆಗಳಲ್ಲಿ ಹರಿದು ಹಾಕಿ ಕಪ್ ತಂದವನು ನಾನು. ಇಂಥ ಕಥೆಯನ್ನು ಬೇರೆಯವರು ಹೇಳಿದ್ದರೆ ಸಾಕ್ಷಿ ಎಲ್ಲಿ ಎಂದು ಕೇಳುತ್ತಿದ್ದೆ. ಹಾಗಾಗಿ ಸಾಕ್ಷಿಯನ್ನೇ ಮುಂದಿಡುತ್ತೇನೆ.

ಕುವೈತ್ ಕೊಲ್ಲಿಗೆ ಅಡ್ಡಲಾಗಿ ಸೇತುವೆ ಏಳುತ್ತಿದ್ದ ವರ್ಷಗಳವು. ಅಕ್ಕ ಅಲ್ಲಿ ಎಂಜಿನಿಯರ್. ಉಕ್ಕಿನ ಹಗ್ಗಗಳು ಎತ್ತಿ ಹಿಡಿದಿದ್ದ ಭಾಗದಲ್ಲಿ ರಸ್ತೆಯ ಹೊಟ್ಟೆ ಟೊಳ್ಳು. ಅದರೊಳಗೆ ನಡೆದುಹೋಗುವ ದಾರಿ, ಕೊನೆಗೆ ಸಮುದ್ರ ನೋಡುವ ಕಿಟಕಿ. ಮನೆಯವರಿಗೆ ತೋರಿಸಲು ಅವಳಿಗೆ ಅನುಮತಿ ಸಿಕ್ಕಿತ್ತು. ಒಬ್ಬೊಬ್ಬರಿಗೂ ಒಂದು ಹಿತ್ತಾಳೆ ಬಿಲ್ಲೆ. ಒಳಗೆ ಎಷ್ಟು ಜನ ಇದ್ದಾರೆಂದು ತಿಳಿಯಲು, ಹೋಗುವಾಗ ಬಾಗಿಲ ಪಕ್ಕದ ಹಲಗೆಗೆ ಅದನ್ನು ನೇತುಹಾಕಬೇಕು.

ನಮ್ಮ ಮನೆಯಿದ್ದ ಅಹ್ಮದಿಯಿಂದ ದಾರಿಯುದ್ದಕ್ಕೂ ಅಪ್ಪ "ನನ್ನ ಮಗಳು ಕಟ್ಟಿದ ಸೇತುವೆ" ಎನ್ನುತ್ತಲೇ ಬಂದಿದ್ದರು. ನನ್ನ ಹನ್ನೊಂದು ಕಪ್‌ಗಳಲ್ಲಿ ಒಂದರ ಬಗ್ಗೆಯೂ ಅವರು ಹೀಗೆ ಮಾತಾಡಿದವರಲ್ಲ. ಬಾಗಿಲು ತಲುಪುವಷ್ಟರಲ್ಲಿ ನನಗೆ ಹೊಟ್ಟೆ ಉರಿದುಹೋಗಿತ್ತು.

"ಬಾರಲೇ. ಒಳಗ ವಾದ ಮಾಡಾಕ ಯಾರೂ ಇಲ್ಲಂತ ಅಂಜಿದೇನು?" ಎಂದಳು ಅಕ್ಕ.

"ನೀವ ನಡೀರಿ. ನಾ ಹಿಂದ ಬರ್ತೀನಿ" ಅಂದೆ. ಹೋಗಲಿಲ್ಲ. ಬಾಗಿಲು ಕಾಯುವವನು "ಭಾಯಿ, ಚಾಯ್?" ಎಂದು ಫ್ಲಾಸ್ಕಿನಿಂದ ಬಗ್ಗಿಸಿ ಕೊಟ್ಟ. ಹಲಗೆಯ ಮೇಲೆ ಮೂರು ಬಿಲ್ಲೆ. ನಾಲ್ಕನೆಯದು ನನ್ನ ಜೇಬಿನಲ್ಲಿ.

ಅರ್ಧ ಗಂಟೆಗೆ ಅವರು ಹೊರಬಂದರು. ಅಪ್ಪನ ಕಣ್ಣು ಕೆಂಪಾಗಿತ್ತು. "ನಮಗಿಂತ ಮುಂಚೇನ ಓಡಿ ಬಂದ್ಯಲ್ಲ" ಎಂದು ನನ್ನ ತಲೆ ಸವರಿದರು. ನನಗೆ ಅರ್ಥವಾಗಲಿಲ್ಲ.

ಮನೆಗೆ ಬಂದ ಅಪ್ಪ ಬೂಟು ಕೂಡ ಬಿಚ್ಚದೆ ಸ್ಕ್ರೂಡ್ರೈವರ್ ಕೇಳಿದರು. ಸ್ಟೂಲು ಹತ್ತಿ ಹಾಲಿನ ಏಸಿ ಜಾಲರಿ ಬಿಚ್ಚಿ, ಒಳಗೆ ಕೈಯಾಡಿಸಿ, ಅಕ್ಕನ ಗಣಿತದ ಪದಕ ತೆಗೆದರು. ಹತ್ತನೇ ತರಗತಿಯಲ್ಲಿ ಅದು ಕಳೆದುಹೋಯಿತೆಂದು ಅವಳು ಮೂರು ದಿನ ಅತ್ತಿದ್ದಳು. ಅಲ್ಲಿ ತುರುಕಿದವನು ನಾನು. ಯಾವ ಜೀವಕ್ಕೂ ಹೇಳಿರಲಿಲ್ಲ.

"ನೀನಾಗೇ ಒಪ್ಪಿಕೊಂಡ್ಯಲ್ಲ, ಅಷ್ಟ ಸಾಕು" ಅಂದರು ಅಪ್ಪ.

ಸೇತುವೆಯೊಳಗೆ, ಆ ಕಿಟಕಿಯ ಹತ್ತಿರ ನಾನು ಅಪ್ಪನ ಕೈ ಹಿಡಿದು ಎಲ್ಲವನ್ನೂ ಹೇಳಿದೆನಂತೆ. ಕೂಸಿನ ಹಾಗೆ ಅತ್ತೆನಂತೆ. ಅಕ್ಕ ದುಪಟ್ಟಾದಿಂದ ಕಣ್ಣೊರೆಸಿದಳಂತೆ. ಮರಳಿಸಲು ಮರೆತಿದ್ದ ಬಿಲ್ಲೆಯನ್ನು ಜೇಬಿನಿಂದ ತೆಗೆದು ತೋರಿಸಿದೆ. "ನೇತುಹಾಕೂದು ಮರತಿರಬೇಕು" ಎಂದಳು ಅವಳು.

ನಿದ್ದೆಯಲ್ಲಿ ನಾನೇ ಬಾಯಿಬಿಟ್ಟಿದ್ದಿರಬಹುದು, ಮೂವರೂ ಸೇರಿ ನಾಟಕ ಹೂಡಿರಬಹುದು ಎಂದೂ ವಾದಿಸಿ ನೋಡಿದ್ದೇನೆ. ಆದರೆ ನಮ್ಮ ಅವ್ವನಿಗೆ ಒಂದು ಸುಳ್ಳನ್ನು ಊಟದ ಹೊತ್ತಿನವರೆಗೂ ಕಾಪಾಡಲು ಬರುವುದಿಲ್ಲ.

ಅಂದಿನಿಂದ ಮನೆಗೆ ಬಂದವರೆದುರು ಅಪ್ಪ "ನನ್ನ ಮಗ ದೊಡ್ಡ ಮನಸಿನಾಂವ" ಎನ್ನುತ್ತಾರೆ. ನಾನು ಇಷ್ಟು ವರ್ಷ ಕಾದಿದ್ದ ಮಾತು. ಅದು ನನಗೆ ಸಲ್ಲಬೇಕಾದದ್ದಲ್ಲ ಎಂದು ನನಗೊಬ್ಬನಿಗೇ ಗೊತ್ತು. ಅಕ್ಕನ ಮೇಲಿನ ಹೊಟ್ಟೆಕಿಚ್ಚು ಎಂದೋ ಆರಿದೆ. ಈಗ ಉರಿಯುತ್ತಿರುವುದು ಕಿಟಕಿಯ ಹತ್ತಿರ ನಿಂತು ಅತ್ತವನ ಮೇಲೆ.

ಮೊನ್ನೆ ಫೋನಿನಲ್ಲಿ ಅಕ್ಕನನ್ನು ಕೇಳಿದೆ. "ಆಮ್ಯಾಲ ಮಾಡ್ತೀನಿ" ಎಂದು ಅವಳು ಫೋನ್ ಇಟ್ಟಳು. ಇಲ್ಲಿ ಮತ್ತೆ ಕೇಳುತ್ತೇನೆ: ಅಕ್ಕ, ನೀ ಕಣ್ಣೊರೆಸಿದ್ಯಲ್ಲ, ಅಂವ ಹೊರಗ ಬಂದದ್ದನ್ನ ನೀ ನೋಡಿದ್ಯಾ?